ಶರಣವ್ವನ ಹೆಸರಿನ ಬಂದೂಕು

ಬೈರಿದೇವರಕೊಪ್ಪದ ಶರಣವ್ವ ಸಿಟ್ಟಿಗೆದ್ರ ಓಣಿ ನಾಯಿ ಸೈತ ಬಾಲಾ ಮುದುಡಿಕೊಂಡು ಬ್ಯಾರೆ ದಾರಿ ಹಿಡೀತಾವ ನೋಡ್ರಿ. ಅವತ್ತು ಮುಂಜಾನೆ ಆಕಿ ಸಿಟ್ಟು ನೆತ್ತಿಗೇರಿತ್ತು. ಕಲಘಟಗಿ ರಸ್ತಾದ ಕಡೆ ಇರೋ ಆಕಿ ಹೊಲದಾಗ ಗೋವಿನಜೋಳ ತೆನಿ ಹಿಡಿದಿತ್ತು. ಕಾಡಹಂದಿ ಬಂದು ಮುರದು, ತಿಂದು, ಉಳದದ್ದರ ಮ್ಯಾಲೆ ಹೊರಳ್ಯಾಡಿ ಹೋಗಿದ್ವು.

“ಅವರು ಇದ್ದಿದ್ರ ಒಂದು ಹಂದಿಯರ ಬದು ದಾಟ್ತಿತ್ತೇನ? ಗಾಳ್ಯಾಗ ಒಂದ್ಸಲ ಢಂ ಅನಿಸಿದ್ರ ಸಾಕು, ಮುಂದಿನ ಹುಣ್ಣಿಮಿತನಾ ಈ ಕಡೆ ಮುಖಾ ಹಾಕ್ತಿರ್ಲಿಲ್ಲ!” ಅಂತ ಅಂಗಳದಾಗ ನಿಂತು ಒದರಾಕತ್ತಿದ್ಲು.

ಅವರು ಅಂದ್ರ ಆಕಿ ಗಂಡ ಗುರುಸಿದ್ದಯ್ಯ. ತೀರಿಕೊಂಡು ವರ್ಷದ ಮ್ಯಾಲಾತು. ಬೆಳಿ ಕಾಯಾಕಂತ ಸರ್ಕಾರದ ಲೈಸೆನ್ಸ್ ತಗೊಂಡು ಒಂಟಿ ನಳಿಗಿ ಬಂದೂಕು ಇಟ್ಟಿದ್ರು. ಮನಷ್ಯಾ ಹೋದ, ಬಂದೂಕು ಉಳೀತು. ಶರಣವ್ವ ಅದನ್ನ ಒರಿಸಿ ದೇವರ ಜಗಲಿ ಮ್ಯಾಲೆ ಇಟ್ಲು. ದಸರಾ ಹಬ್ಬದ ಖಂಡೇ ಪೂಜಾ ದಿನ ಕುಡಗೋಲು, ಕುರಪಿ, ಮಗನ ಅಂಗಡಿ ತಕ್ಕಡಿ ಜೋಡಿ ಬಂದೂಕಿಗೂ ಇಬತ್ತಿ ಹಚ್ಚಿ, ಸೇವಂತಿಗಿ ಹೂವ ಏರಿಸಿ, ಊದಿನಕಡ್ಡಿ ಬೆಳಗಿದ್ಲು. ಅವತ್ತಿಂದ ಅದು ಬಂದೂಕು ಅನ್ನೋದ ಎಲ್ಲಾರಿಗೂ ಮರತು ಹೋತು. ದೇವರಾಗಿ ಕುಂತಬಿಡ್ತು.

ಈಗ ಹಂದಿ ಬಂದ ಮ್ಯಾಲೆ ಮತ್ತ ನೆನಪಾತು. ಮಗ ಗುರುಬಸವ ಹತ್ತಿ ವ್ಯಾಪಾರದಾಂವ. ಆತ ಅಂದ, “ಅವ್ವಾ, ಅದರ ಕುದರಿ ಸಡಲ ಆಗೇತಿ. ಬೆಂಗೇರ್ಯಾಗ ಒಬ್ಬ ಲೇಥ್ ಮಷಿನ್ನಿನಾಂವ ಅದಾನ, ಟ್ರ್ಯಾಕ್ಟರಿನ ಬಿಡಿಭಾಗ ಎಲ್ಲಾ ಮಾಡ್ತಾನ. ಕಂಬಳ್ಯಾಗ ಸುತ್ತಿ ಸ್ಕೂಟಿ ಮ್ಯಾಲೆ ಒಯ್ತೇನಿ. ಹೊಸಾ ಕುದರಿ ಮಾಡಿಕೊಡ್ತಾನ.”

ಕುದರಿ ಅಂದ್ರ ಗುಂಡು ಹಾರಸಾಕ ಹಿಂದ ಎಳಿಯೋ ಕಬ್ಬಣದ ತುಂಡು.

“ಹೋಗಲೇ, ಯಾವನರ ಕೈಯಾಗ ಯಾಕ ಕೊಡ್ತಿ? ಶಾಬುದ್ದೀನಣ್ಣನ ಮಗಳು ಇಲ್ಲೇನ? ಮನಿ ಹುಡುಗಿ. ಆಕೀನ್ನ ಕರೀತೇನಿ,” ಅಂದ್ಲು ಶರಣವ್ವ.

ಶಾಬುದ್ದೀನ ಅಂದ್ರ ಹಳೇ ಹುಬ್ಬಳ್ಳಿಯೊಳಗ ಬಂದೂಕು ರಿಪೇರಿ ಅಂಗಡಿ ಇಟ್ಟಾಂವ, ಗುರುಸಿದ್ದಯ್ಯನ ಜೀವದ ಗೆಳೆಯ. ಆತನೂ ಈಗಿಲ್ಲ. ಅಂಗಡಿ ನಡಸಾಕಿ ಮಗಳು ಜರೀನಾ. ಆಕಿ ಬಾಯೂ ಶರಣವ್ವನ ಬಾಯಿಗೆ ಸರಿಜೋಡಿ.

ಫೋನ್ ಹಚ್ಚಿದ ಮಧ್ಯಾಹ್ನನ ಜರೀನಾ ಬಂದ್ಲು. ಚಪ್ಪಲಿ ಬಿಟ್ಟು ಒಳಗ ಬಂದು, ಚಹಾ ಕುಡದು, ಜಗಲಿ ಕಡೆ ನೋಡಿದ್ಲು. ನೋಡಿದಾಕಿನ ಎರಡೂ ಕೈ ಹಿಂದ ಕಟ್ಟಿಕೊಂಡ್ಲು.

“ದೊಡ್ಡವ್ವಾ, ಇದರ ಕಾಗದಾ ಎಲ್ಲೈತಿ?”

“ಐತೆವ್ವಾ, ಐತಿ!” ಅಂತ ಶರಣವ್ವ ಗಂಡನ ಲೈಸೆನ್ಸ್ ಪುಸ್ತಕ ತಂದು ಕೈಯಾಗಿಟ್ಲು.

“ಇದು ದೊಡ್ಡಪ್ಪಾರ ಹೆಸರಿಂದು. ನಿಮ್ಮ ಹೆಸರಿಂದು?”

“ನನಗ್ಯಾಕ ಬೇಕ? ಗಂಡನ ಹೊಲ ನನಗ ಬಂತು, ಮನಿ ಬಂತು. ಬಂದೂಕು ಬರಂಗಿಲ್ಲೇನ?”

ಜರೀನಾ ನಕ್ಕಳು. “ಹೊಲಾ ತಾನ ನಡಕೊಂತ ಬಂತೇನ ದೊಡ್ಡವ್ವಾ? ಅರ್ಜಿ ಕೊಟ್ಟು, ವಾರಸಾ ಮಾಡಿಸಿ, ಹೊಲದ ಉತಾರದಾಗ, ಅಂದ್ರ ಪಹಣ್ಯಾಗ, ಹೆಸರು ಏರಿಸಿದ್ರಿ. ಬಂದೂಕಿನ ಕಾನೂನು ಅದಕ್ಕಿಂತ ಬಿಗಿ. ಲೈಸೆನ್ಸ್ ಅನ್ನೋದು ಒಬ್ಬರಿಗೆ ಕೊಟ್ಟದ್ದು. ಅವರು ಹೋದ್ರ ಅದು ಮುಗೀತು. ಅಪ್ಪನ ಡ್ರೈವಿಂಗ್ ಲೈಸೆನ್ಸ್ ಕಿಸೇದಾಗ ಇಟ್ಟುಕೊಂಡು ಮಗ ಗಾಡಿ ಹೊಡದ್ರ ಪೊಲೀಸ್ರು ಬಿಡ್ತಾರೇನ?”

ಗುರುಬಸವ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಾಕ ಶುರು ಮಾಡಿದ.

“ಕುದರಿ ಅಷ್ಟ ರಿಪೇರಿ ಮಾಡಿಬಿಡು,” ಅಂತ ಶರಣವ್ವ ಹಟಾ ಹಿಡದ್ಲು. “ನಿಮ್ಮಪ್ಪ ಈ ಮನ್ಯಾಗ ಎಷ್ಟು ಜ್ವಾಳದ ರೊಟ್ಟಿ ಉಂಡಾನ ಗೊತ್ತೈತಿಲ್ಲ?”

“ಗೊತ್ತೈತಿ. ಅದಕ್ಕ ಹೇಳಾಕತ್ತೇನಿ. ಲೈಸೆನ್ಸ್ ಇಲ್ಲದ ಬಂದೂಕು ನಾ ರಿಪೇರಿ ಮಾಡೂ ಹಂಗಿಲ್ಲ. ಅಪ್ಪಾ ಹೋದಾಗ ನಮ್ಮ ಅಂಗಡೀನೂ ಬಂದ್ ಆಗಿತ್ತು. ನಾ ತೊಟ್ಟಲದಾಗಿಂದ ಆ ಅಂಗಡ್ಯಾಗ ಬೆಳದಾಕಿ. ಆದ್ರ ಅಂಗಡಿ ಲೈಸೆನ್ಸ್ ಅಪ್ಪನ ಹೆಸರಿಂದು. ನನ್ನ ಹೆಸರಿಗೆ ಬರೂತನಾ ಒಂದು ಸ್ಕ್ರೂ ಸೈತ ತಿರುವಲಿಲ್ಲ.”

“ಹಂಗಾರ ಆ ಲೇಥಿನಾಂವಾ...” ಅಂದ ಗುರುಬಸವ, ಮೆಲ್ಲಕ.

ಜರೀನಾ ಹಣಿ ಹಣಿ ಬಡಕೊಂಡ್ಲು. “ಬಸವಣ್ಣಾ, ಬಂದೂಕು ಮಾಡಾಕ, ಮಾರಾಕ, ರಿಪೇರಿ ಮಾಡಾಕ, ಅದರ ಭಾಗಾ ತಯಾರ ಮಾಡಾಕ, ಎಲ್ಲಕ್ಕೂ ಸರ್ಕಾರದ ಲೈಸೆನ್ಸ್ ಬೇಕು. ಟ್ರ್ಯಾಕ್ಟರಿನ ನಟ್ಟು ಮಾಡಿದಂಗ ಅಲ್ಲ ಇದು. ಪಾಪ, ಆ ಮನಷ್ಯಾಗ ಗೊತ್ತಿರಲಿಕ್ಕಿಲ್ಲ. ನೀ ಜೈಲಿಗೆ ಹೋಗೂದಲ್ಲದ ಅವನ್ನೂ ಎಳಕೊಂಡು ಹೋಗ್ತಿದ್ದಿ. ಅದನ್ನ ಕಂಬಳ್ಯಾಗ ಸುತ್ತಿ ರಸ್ತಾಕ್ಕ ಒಯ್ಯೂದೂ ತಪ್ಪು, ಹಿಂಗ ಮನ್ಯಾಗ ಇಟ್ಟದ್ದೂ ತಪ್ಪು. ದೊಡ್ಡಪ್ಪ ತೀರಿದಾಗನ ಬಂದೂಕು, ಅದರ ಗುಂಡಿನ ತೋಟಾ ಎಲ್ಲಾ ಪೊಲೀಸ್ ಠಾಣೆಕ್ಕರ, ಲೈಸೆನ್ಸ್ ಇದ್ದ ಬಂದೂಕಿನ ಅಂಗಡಿಗರ ಕೊಟ್ಟು, ಮುಟ್ಟಿದ್ದಕ್ಕ ಪಾವತಿ ಚೀಟಿ ತಗೋಬೇಕಿತ್ತು.”

ಠಾಣೆ ಅನ್ನೋದ ತಡ, ಶರಣವ್ವ ಜಗಲಿಗೆ ಅಡ್ಡ ನಿಂತ್ಲು. ಸಿಟ್ಟೆಲ್ಲಾ ಇಳದಿತ್ತು.

“ಕೊಡಂಗಿಲ್ಲ. ಠಾಣೆಕ್ಕ ಹೋದ ಸಾಮಾನು ತಿರುಗಿ ಬರ್ತೈತೇನ? ಅವರ ಧೋತರ ದಾನಾ ಕೊಟ್ಟೆ, ಹಾಸಿಗಿ ಕೊಟ್ಟೆ. ಅವರ ಕೈ ಮುಟ್ಟಿದ್ದು ಇದೊಂದ ಉಳದೈತಿ ಜರೀನಾ. ಇದು ಈ ಮನಿ ಬಿಟ್ಟು ಹೋತಂದ್ರ ಅವರು ಇನ್ನೊಮ್ಮೆ ಹೋದಂಗ.”

ಜರೀನಾಳ ಕಣ್ಣೂ ತುಂಬಿದ್ವು. ಸೆರಗು ಸರಿ ಮಾಡಿಕೊಂಡು ಬಾಜೂಕ ಬಂದು ನಿಂತ್ಲು.

“ದೊಡ್ಡವ್ವಾ, ಒಂದು ಕೇಳ್ತೇನಿ, ಖರೇ ಹೇಳ್ರಿ. ಇಲೆಕ್ಷನ್ ಬಂದಾಗ ದೊಡ್ಡಪ್ಪ ಈ ಬಂದೂಕು ಏನ್ ಮಾಡ್ತಿದ್ರು?”

ಶರಣವ್ವ ಮೂಗು ಒರಿಸಿಕೊಂಡ್ಲು. “ಏನ್ ಮಾಡ್ತಿದ್ರು? ತಲಿಗೆ ಪಟಗಾ ಸುತ್ತಿ, ಮದುವಿಗೆ ಹೊಂಟಂಗ ಹೊಂಟು, ಠಾಣೆದಾಗ ಜಮಾ ಮಾಡಿ ಬರ್ತಿದ್ರು. ಇಲೆಕ್ಷನ್ ಮುಗದ ಮ್ಯಾಲೆ ಹೋಗಿ ತರ್ತಿದ್ರು. ಮಗಳು ಬಾಣಂತನ ಮುಗಿಸಿ ಹೋಗುವಾಗೂ ಅಷ್ಟು ಕಾಳಜಿ ಮಾಡ್ಲಿಲ್ಲ ನನ್ನ ಗಂಡ!”

“ತಿರುಗಿ ಕೊಡ್ತಿದ್ರಲ್ಲ?”

ಶರಣವ್ವ ಜಗಲಿ ಕಡೆ ತಿರುಗಿ ನೋಡಿದ್ಲು. ಕೊಡ್ತಿದ್ರು. ಒಂದು ಸಲಾನೂ ಕೊಡೂದಿಲ್ಲ ಅಂದಿರ್ಲಿಲ್ಲ.

“ಪಾವತಿ ಇದ್ರ ಬಂದೂಕು ಎಲ್ಲೂ ಹೋಗಂಗಿಲ್ಲ. ಆಮ್ಯಾಲೆ ವಾರಸದಾರರು ಒಬ್ಬರು ಹೊಸಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಬ್ಯಾಡ ಅನಿಸಿದ್ರ ಪರವಾನಗಿ ತಗೊಂಡು ಲೈಸೆನ್ಸ್ ಇದ್ದವರಿಗೆ ಮಾರಬಹುದು. ದಾರಿ ಐತಿ ದೊಡ್ಡವ್ವಾ. ನೀವು ನಡೀಬೇಕಷ್ಟ.”

ಕಡೀಕ ಶರಣವ್ವ ಜಗಲಿ ಬಿಟ್ಟು ಸರದ್ಲು. ಜರೀನಾ ಠಾಣೆಕ್ಕ ಫೋನ್ ಹಚ್ಚಿ, ಇದ್ದದ್ದು ಇದ್ದಂಗ ಹೇಳಿದ್ಲು. ಸ್ವಲ್ಪ ಹೊತ್ತಿಗೆ ಇಕ್ಬಾಲ ಅನ್ನೋ ಹವಾಲ್ದಾರ್ರು ಮನೀಗೇ ಬಂದ್ರು. “ಯಾರೂ ಮುಂದ ನಿಂದ್ರಬ್ಯಾಡ್ರಿ,” ಅಂತ ಎಲ್ಲಾರನ್ನೂ ಹಿಂದ ಸರಿಸಿದ್ರು. ಹೂವು ತಗದ್ರು, ನಳಿಗಿ ಗ್ವಾಡಿ ಕಡೆ ತಿರುಗಿಸಿ, ಬಂದೂಕನ್ನ ನಡುವ ಮಡಚಿ ತೆರದು ನೋಡಿದ್ರು.

ಒಳಗಿಂದ ಒಂದು ಕೆಂಪು ತೋಟಾ ಜಾರಿ ನೆಲಕ್ಕ ಬಿತ್ತು. ಜೀವಂತ ತೋಟಾ!

ಗುರುಸಿದ್ದಯ್ಯ ಕಡೀ ರಾತ್ರಿ ಹೊಲಾ ಕಾಯುವಾಗ ಎದಿ ಹಿಡಕೊಂಡು ಮನೀಗೆ ಬಂದಿದ್ರು. ಬಂದೂಕು ಮೂಲ್ಯಾಗಿಟ್ಟು ಹಾಸಿಗಿ ಹಿಡದವರು ಮತ್ತ ಏಳಲಿಲ್ಲ. ತೋಟಾ ತಗಿಯೋದು ಯಾರಿಗೆ ನೆನಪಿರಬೇಕು? ಆ ತುಂಬಿದ ಬಂದೂಕಿನ ಮುಂದ ದೀಪಾ ಹಚ್ಚಿದ್ರು, ತಲಿ ಬಾಗಿಸಿ ನಮಸ್ಕಾರ ಮಾಡಿದ್ರು. ಅದರ ಕೆಳಗನ ಮೊಮ್ಮಗಳು ಪೂನಮ್ ದಿನಾ ಅಡಗಿ ಆಟಾ ಆಡ್ತಿದ್ಲು. ಕುದರಿ ಬ್ಯಾರೆ ಸಡಲ.

ಶರಣವ್ವ ಓಡಿ ಹೋಗಿ ಪೂನಮಳನ್ನ ಹತ್ತಿರ ಎಳಕೊಂಡ್ಲು. “ಶಿವನ, ನನ್ನಪ್ಪಾ! ನನ್ನ ಕೈಯಾರೆ ಏನ್ ಮಾಡಾಕತ್ತಿದ್ದೆ ನಾ!” ಅಂತ ಮೊಮ್ಮಗಳನ್ನ ಅಪ್ಪಿಕೊಂಡು ಅತ್ತಳು. ಅತ್ತು ಮುಗಿಸಿ ಆಕಿನ ಅಂದ್ಲು, “ಒಯ್ರಿ ಹವಾಲ್ದಾರ್ರ, ಈಗಿಂದೀಗ ಒಯ್ರಿ. ಪಾವತಿ ಕೊಡ್ರಿ.”

ಪಾವತಿ ಬಂತು. “ತಡಾ ಆಗೇತಿ ಅವ್ವಾರ. ಯಾಕ ತಡಾ ಆತು ಅನ್ನೂದನ್ನ ಅರ್ಜ್ಯಾಗ ಮುಚ್ಚೂಮರಿ ಇಲ್ಲದ ಬರೀರಿ,” ಅಂತ ಹೇಳಿ ಹವಾಲ್ದಾರ್ರು ಹೋದ್ರು.

ಜರೀನಾ ಕೇಳಿದ್ಲು, “ಲೈಸೆನ್ಸ್ ಯಾರ ಹೆಸರಿಗೆ?”

ಎಲ್ಲಾರ ಕಣ್ಣು ಗುರುಬಸವನ ಮ್ಯಾಲೆ. ಆತ ದೀಪಾವಳಿ ಲಕ್ಷ್ಮೀ ಪಟಾಕಿಗೇ ಕಿವಿ ಮುಚ್ಚಿಕೊಂಡು ಬಚ್ಚಲಮನಿ ಸೇರಾಂವ. “ನಾ ಅಂಗಡಿ ಬಿಟ್ಟು...” ಅಂತ ತಡವರಿಸಿದ.

“ಹೊಲಾ ಕಾಯಾಕಿ ಯಾರು? ನಾ,” ಅಂದ್ಲು ಶರಣವ್ವ. “ಉತಾರ ಯಾರ ಹೆಸರಿಗೆ? ನಂದು. ಹೆಂಡ್ತಿ ವಾರಸದಾರಳು ಹೌದೋ ಅಲ್ಲೋ?”

“ಹೌದಂದ್ರ ಹೌದು!” ಅಂದ್ಲು ಜರೀನಾ.

“ಹಂಗಾರ ನನ್ನ ಹೆಸರಿಗೆ ಬರಿ.”

ಆಮ್ಯಾಲೆ ನೋಡ್ರಿ ಆಕಿ ಓಡಾಟ! ಮಗಳು ರಾಜೇಶ್ವರಿ ನವನಗರದಿಂದ ಬಂದು, ಅವ್ವನ ಹೆಸರಿಗೆ ಆಗಲಿ, ನಮ್ಮ ತಕರಾರಿಲ್ಲ ಅಂತ ಒಪ್ಪಿಗಿ ಪತ್ರಕ್ಕ ಸಹಿ ಹಾಕಿದ್ಲು. ಗುರುಬಸವನೂ ಹಾಕಿದ. ಆನ್‌ಲೈನ್ ಅರ್ಜಿ ತುಂಬಿದ್ರು. ಗಂಡನ ಮರಣದ ದಾಖಲಿ, ಹಳೇ ಲೈಸೆನ್ಸ್, ಠಾಣೆ ಪಾವತಿ, ಆಧಾರ, ಉತಾರ, ಫೋಟೋ, ಎಲ್ಲಾ ಹಚ್ಚಿದ್ರು. ಬಂದೂಕು ಎಲ್ಲಿ, ಹ್ಯಾಂಗ ಭದ್ರ ಇಡ್ತೀನಿ ಅಂತ ಮುಚ್ಚಳಿಕಿ ಬರದುಕೊಡಬೇಕಾತು. ಅದಕ್ಕಂತ ಕೀಲಿ ಇರೋ ಕಬ್ಬಣದ ಕಪಾಟು ತಂದು ಗ್ವಾಡಿಗೆ ಬಿಗದ್ರು.

ಆರೋಗ್ಯದ ಸರ್ಟಿಫಿಕೇಟ್ ಕೊಡೋ ಡಾಕ್ಟರ್ರು, “ಏನರ ನಶಾ ಮಾಡ್ತೀರೇನ್ರಿ ಅವ್ವಾರ?” ಅಂತ ಕೇಳಿದ್ರು.

“ಮುಂಜಾನೆ ಒಂದು, ಸಂಜೀಕ ಒಂದು ಚಹಾ. ಅದನ್ನೂ ಬಿಡಂದ್ರ ಬಂದೂಕ ಬ್ಯಾಡ ನನಗ!” ಅಂದ್ಲು. ಡಾಕ್ಟರ್ರು ನಕ್ಕೋಂತ ಸಹಿ ಮಾಡಿದ್ರು.

ವಿಚಾರಣಿಗೆ ಪೊಲೀಸ್ರು ಮನೀಗೆ ಬಂದ ದಿನ ಓಣಿ ತುಂಬ ಗುಸುಗುಸು. ಕಿಡಕ್ಯಾಗ ಇಣುಕೋರ ಏನು, ಗ್ವಾಡಿಗೆ ಕಿವಿ ಹಚ್ಚೋರ ಏನು! ಶರಣವ್ವ ಬಾಗಲಾಗ ನಿಂತು ಎಲ್ಲಾರಿಗೂ ಕೇಳೂ ಹಂಗ ಅಂದ್ಲು, “ಹಿಡಕೊಂಡು ಹೋಗಾಕ ಬಂದಿಲ್ಲ. ನನ್ನ ಬಗ್ಗೆ ಕೇಳಾಕ ಬಂದಾರ. ಛಲೋದ ಹೇಳ್ರಿ ಮತ್ತ!”

ಸುರಕ್ಷತಾ ತರಬೇತಿಗೆ ಹೋದ ದಿನ ಮೈದಾನದಾಗ ಎಲ್ಲಾ ಪ್ಯಾಂಟು ಬೂಟಿನ ಹುಡುಗರು. ನಡುವ ಇಳಕಲ್ ಸೀರಿ ಉಟ್ಟಾಕಿ ಈಕಿ ಒಬ್ಬಾಕಿ. ಮೊದಲ ಗುಂಡು ಮಣ್ಣಿಗೆ ಹೋತು, ಹುಡುಗರು ಮುಸಿಮುಸಿ ನಕ್ಕರು. ಶರಣವ್ವ ಸೆರಗು ನಡಕ್ಕ ಸಿಗಿಸಿ, ಹಲ್ಲು ಕಚ್ಚಿ ಹಿಡದು, ಉಸರು ಬಿಗಿಹಿಡದು ಮತ್ತೊಂದು ಹಾರಿಸಿದ್ಲು. ಹಲಗಿಗೆ ಸರಿಯಾಗಿ ಬಡೀತು! ನಕ್ಕ ಹುಡುಗರ ಚಪ್ಪಾಳಿ ಹೊಡದ್ರು. ಆದ್ರ ಅಲ್ಲಿ ಕಲಿಸಿದ್ರಾಗ ಆಕೀಗೆ ಎದಿಗೆ ನಾಟಿದ್ದು ಗುರಿ ಅಲ್ಲ. ಬಂದೂಕು ಕೈಗೆ ಬಂದ ಕೂಡ್ಲೆ ಮೊದಲು ಒಳಗ ತೋಟಾ ಐತೇನ ನೋಡಬೇಕು ಅನ್ನೂ ಮಾತು.

ತಿಂಗಳುಗಟ್ಟಲೆ ಕಾಯಬೇಕಾತು. ಲೈಸೆನ್ಸ್ ಕೊಡೂದು ಬಿಡೂದು ಅಧಿಕಾರಿಗಳ ವಿಚಾರ, ಸಿಕ್ಕ ಸಿಗತೈತಿ ಅಂತ ಯಾರೂ ಮಾತು ಕೊಟ್ಟಿರ್ಲಿಲ್ಲ. ಶರಣವ್ವ ದಿನಾ ದೇವರಿಗೆ ಕೈ ಮುಗಿಯೂದು, ಜರೀನಾಗ ಫೋನ್ ಹಚ್ಚೂದು. ಒಂದು ದಿನ ಪೊಲೀಸ್ ಆಯುಕ್ತರ ಕಚೇರಿಯಿಂದ ಕರೀ ಬಂತು. ಟೇಬಲ್ ಆಚೆ ಕುಂತ ಅಧಿಕಾರಿ ಹೊಸಾ ಪುಸ್ತಕ ತಗದು, ಹೆಸರು ಓದಿದ್ರು: “ಶರಣವ್ವ ಗುರುಸಿದ್ದಯ್ಯ ಹಿರೇಮಠ.”

ತನ್ನ ಹೆಸರು, ಬಾಜೂಕ ಗಂಡನ ಹೆಸರು. ಶರಣವ್ವಗ ಅಳು, ನಗು ಎರಡೂ ಕೂಡೇ ಬಂದ್ವು.

ಬಂದೂಕು ಠಾಣೆದಿಂದ ಹೋದಂಗ ತಿರುಗಿ ಬಂತು. ಜರೀನಾ ಲೈಸೆನ್ಸ್ ನಂಬರ್ ಬರಕೊಂಡು, ತನ್ನ ಅಂಗಡ್ಯಾಗ ಕುದರಿ ಕೂಡ್ರಿಸಿ, ನಳಿಗ್ಯಾಗ ಹೆಪ್ಪುಗಟ್ಟಿದ್ದ ಇಬತ್ತಿ ಕೆರದು ತಗದು ಕೊಟ್ಲು. “ದೊಡ್ಡವ್ವಾ, ಪೂಜಾ ಮಾಡೂದಿದ್ರ ಹೊರಗ ಒಂದು ಹೂವು ಸಾಕು. ಹಂದಿ ಹೊಡಿಯೂ ಹಂಗಿಲ್ಲ, ಅದಕ್ಕ ಅರಣ್ಯ ಇಲಾಖೆ ಪರವಾನಗಿ ಬ್ಯಾರೆ ಬೇಕು. ಗಾಳ್ಯಾಗ ಸಪ್ಪಳಾ ಅಷ್ಟ.”

ಆ ವರ್ಷ ಗೋವಿನಜೋಳ ಎದಿಮಟ ಬೆಳದು ತೆನಿ ಹಿಡೀತು. ಸಂಜಿ ಹೊತ್ತಿಗೆ ಬದುವಿನಾಚೆ ಹಂದಿ ಗುಂಪು ಮೂತಿ ತೋರಿಸ್ತು. ಶರಣವ್ವ ಸುತ್ತಮುತ್ತ ಯಾರೂ ಇಲ್ಲ ಅಂತ ನೋಡಿ, ತೋಟಾ ಏರಿಸಿ, ಆಕಾಶಕ್ಕ ಹಿಡದು ಢಂ ಅನಿಸಿದ್ಲು. ಹಂದಿ ದಿಕ್ಕಾಪಾಲಾಗಿ ಓಡಿದ್ವು. ದೂರದಾಗ ಕಿವಿ ಮುಚ್ಚಿಕೊಂಡು ನಿಂತಿದ್ದ ಗುರುಬಸವ, “ಭಲೇ ಅವ್ವಾ!” ಅಂತ ಒದರಿದ. ಶರಣವ್ವ ಬಂದೂಕು ಬಿಚ್ಚಿ ಖಾಲಿ ಮಾಡಿ, “ನೋಡ್ರಿ, ನಿಮ್ಮ ಹೊಲಾ ಕಾದೇನಿ, ಕಳ್ಳತನದಿಂದಲ್ಲ, ಕಾಯಿದೆ ಪ್ರಕಾರ!” ಅಂತ ಗಂಡನಿಗೆ ಕೇಳೂ ಹಂಗ ಜೋರ ಹೇಳಿದ್ಲು.

ಓದಾಕತ್ತ ಅಣ್ಣಾರ, ಅಕ್ಕಾರ, ಈಗ ನಿಮ್ಮನ್ನ ಕೇಳ್ತೇನಿ. ನಿಮ್ಮ ಮನಿ ಅಟ್ಟದ ಮ್ಯಾಲೆ, ಸಂದೂಕದಾಗ, ಬಾಗಲಾ ಹಿಂದ ಅಪ್ಪಂದೋ ಅಜ್ಜಂದೋ ಬಂದೂಕು ಐತೇನ? ಲೈಸೆನ್ಸ್ ಇದ್ದವರು ಈಗ ಇಲ್ಲೇನ? ಹಂಗಾರ ಅದನ್ನ ಮುಟ್ಟಬ್ಯಾಡ್ರಿ, ಮುಚ್ಚಿ ಇಡಬ್ಯಾಡ್ರಿ, ಅವರಿವರ ಕೈಗೆ ಕೊಡಬ್ಯಾಡ್ರಿ. ಠಾಣೆಕ್ಕ ಫೋನ್ ಹಚ್ಚರಿ, ಅವರು ಹೇಳಿದಂಗ ಜಮಾ ಮಾಡ್ರಿ, ಪಾವತಿ ಇಸಗೋರಿ. ಬೇಕಿದ್ರ ನಿಮ್ಮ ಹೆಸರಿಗೆ ಅರ್ಜಿ ಹಾಕ್ರಿ. ಹುಬ್ಬಳ್ಳಿ-ಧಾರವಾಡ ಶಹರದಾಗ ಪೊಲೀಸ್ ಆಯುಕ್ತರ ಕಚೇರಿ, ಹಳ್ಳಿ ಕಡೆ ಜಿಲ್ಲಾಧಿಕಾರಿಗಳ ಕಚೇರಿ. ರಿಪೇರಿ ಬಂದ್ರ ಲೈಸೆನ್ಸ್ ಇದ್ದ ಅಂಗಡೀಗೆ ಹೋಗ್ರಿ. ನಾಳೆ ನೋಡಿದ್ರಾತು ಅನಬ್ಯಾಡ್ರಿ. ಒಳಗ ತೋಟಾ ಐತೋ ಇಲ್ಲೋ, ನಿಮಗ ಗೊತ್ತಿಲ್ಲ. ಮಕ್ಕಳು ಅಲ್ಲೇ ಆಡಾಕತ್ತಾರ. ಏಳ್ರಿ, ಈಗ ಫೋನ್ ಹಚ್ಚರಿ.