ಹಲ್ಲಿ ಗುರುತಿನ ಗಡಿಗೆ

ನನ್ನ ಮೈದುನ ಅಬಿಲ್ಲ ಲಾಭ ಇಲ್ಲದೆ ಯಾರಿಗೂ ಒಂದು ಲೋಟ ನೀರು ಕೊಟ್ಟವನಲ್ಲ. ಅಂಥವನು ಹಳೇ ಕಾಲದ ಸಾಮಾನು ಹುಡುಕಿ ನೆಲ ಅಗೆಯೋಕೆ ಪಟ್ಟಣದಿಂದ ಬಂದವರನ್ನ ಮನೆಯಲ್ಲಿಟ್ಟುಕೊಂಡು, ಗಿನಿಕೋಳಿ ಕೊಯ್ದು ಉಪಚಾರ ಮಾಡ್ತಿದಾನೆ ಅಂತ ಕೇಳಿದಾಗಲೇ ನನಗೆ ಬಲಗಣ್ಣು ಅದುರಿತು. ಅಗೆಯೋದು ಎಲ್ಲಿ? ನನ್ನ ಮಗನ ಹೊಲದಲ್ಲಿ. ಅದರಲ್ಲೂ ಹಳೇ ಮನೆಯ ತಿಪ್ಪೆ ಇದ್ದ ದಿಬ್ಬದಲ್ಲಿ.

ಮಳೆ ಶುರುವಾದಾಗ ನನ್ನ ಮಗನ ಗುದ್ದಲಿಗೆ ಅಲ್ಲೊಂದು ಸುಟ್ಟ ಮಣ್ಣಿನ ತಲೆ ಸಿಕ್ಕಿತ್ತು. ಅದನ್ನ ಮಕ್ಕಳ ಆಟಕ್ಕೆ ಕೊಟ್ಟು ಸುಮ್ಮನಿರಬಾರದಾ ಈ ಮಂಕ? ಊರೆಲ್ಲ ತೋರಿಸಿಕೊಂಡು ಬಂದ. ಅಬಿಲ್ಲನೇ ಮುಂದೆ ನಿಂತು ಸರ್ಕಾರದವರಿಗೆ ಸುದ್ದಿ ಮುಟ್ಟಿಸಿದ.

ಅವನ ಲೆಕ್ಕಾಚಾರ ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಗಂಡ ಸತ್ತಾಗಿನಿಂದ ಅವನದು ಒಂದೇ ರಾಗ: ನಿನ್ನ ಮಗ ನಮ್ಮ ಮನೆಯವನಲ್ಲ, ಅವನ ಮಾಸು ನಮ್ಮ ತಿಪ್ಪೆಯಲ್ಲಿಲ್ಲ, ಹೊಲ ಬಿಡು. ಮಗು ಹುಟ್ಟಿದಾಗ ಅದರ ಮಾಸನ್ನ ಗಡಿಗೆಗೆ ಹಾಕಿ ಮನೆಯ ತಿಪ್ಪೆಯಲ್ಲಿ ಹೂಳ್ತೀವಿ. ಯಾರ ತಿಪ್ಪೆಯಲ್ಲಿ ಗಡಿಗೆ ಇದೆಯೋ ಆ ಮನೆಯ ಮಗ, ಆ ಮನೆಯ ನೆಲದಲ್ಲಿ ಪಾಲು. ನನ್ನ ಗ್ರಹಚಾರಕ್ಕೆ ಮಗ ಹುಟ್ಟಿದ್ದು ಇಲ್ಲಲ್ಲ. ಅಪ್ಪನ ಸಾವಿಗೆ ಅಂತ ತವರಿಗೆ ಹೋದವಳಿಗೆ ದಿನ ತುಂಬೋ ಮುಂಚೆ ನೋವು ಬಂತು. ನನ್ನವ್ವ ತಾನೇ ಮಾಡಿದ ಗಡಿಗೆಯೊಂದಕ್ಕೆ ಮಾಸು ತುಂಬಿ ಬಾಯಿ ಮುಚ್ಚಿದಳು. ಅವ್ವನ ಗಡಿಗೆ ಅಂದರೆ ಕುತ್ತಿಗೆಯ ಹತ್ತಿರ ಒಂದು ಹಲ್ಲಿ ಇರಲೇಬೇಕು. ಅಂಥವು ನನ್ನ ಕೋಣೆಯಲ್ಲಿ ಇವತ್ತಿಗೂ ಒಂದರ ಮೇಲೊಂದು ಕೂತಿವೆ.

ಸುದ್ದಿ ತಿಳಿದು ನನ್ನ ಅತ್ತೆ ಗೊಣಗಿಕೊಂಡೇ ನಡೆದು ಬಂದಳು. ನಮ್ಮ ಮನೆಯದು ಕಂಡವರ ತಿಪ್ಪೆಯಲ್ಲಿ ಯಾಕೆ ಕೊಳೀಬೇಕು ಅಂತ ಗಡಿಗೆಯನ್ನ ತಲೆ ಮೇಲಿಟ್ಟುಕೊಂಡು, ನನ್ನ ಮುಖವನ್ನೂ ನೋಡದೆ ಹೊರಟುಹೋದಳು. ಊರಿಗೆ ವಾಪಸ್ಸು ಬಂದ ಮೇಲೆ ಮೆತ್ತಗೆ ಕೇಳಿದೆ.

"ಹೂತ್ರಾ ಅತ್ತೆ?"

"ಇನ್ನೇನು, ತಿಂದೆ ಅಂದ್ಕೊಂಡ್ಯಾ?"

ಅಷ್ಟೇ. ಹೂತಿದ್ದನ್ನ ಕಂಡವರು ಯಾರೂ ಇಲ್ಲ. ನನಗಿಂತ ಮುಂಚೆ ಬಂದ ಸೊಸೆಯರನ್ನೆಲ್ಲ ಓಡಿಸಿದ್ದ ಮುದುಕಿ ಅದು. ಮಗುವಿಗೆ ಹೆಸರಿಟ್ಟದ್ದೂ ಅವಳೇ: ಅತಂಪೂರೆ, ತಿಪ್ಪೆಯವನು ಅಂತ. ಅವನಿಗಿಂತ ಮುಂಚಿನ ಎರಡು ಕೂಸುಗಳನ್ನ ಕಳಕೊಂಡಿದ್ದೆ ನಾನು. ಸಾವು ಕಣ್ಣೆತ್ತಿ ನೋಡದಿರಲಿ ಅಂತ ಇಂಥ ಹೆಸರು ಇಡೋದುಂಟು, ನಿಜ. ಆದರೆ ಅವಳ ಬಾಯಲ್ಲಿ ಅದು ನನ್ನನ್ನೇ ಬೈದ ಹಾಗೆ ಕೇಳಿಸ್ತಿತ್ತು. ಬೇರೆ ಅತ್ತೆಯಂದಿರು ಮೊಮ್ಮಗು ಉಳೀಲಿ ಅಂತ ಗುಟ್ಟಾಗಿ ನೆಲಕ್ಕೆ ಏನಾದರೂ ಕೊಡ್ತಾರೆ, ಯಾರಿಗೂ ಹೇಳೋದಿಲ್ಲ. ನಮ್ಮ ಮಹಾತಾಯಿ ಕೊಟ್ಟಿದ್ದು ಈ ಹೆಸರು ಮಾತ್ರ ಅಂತ ನಾನು ಅಂದುಕೊಂಡಿದ್ದೆ.

ಅದೇ ದಿನಗಳಲ್ಲಿ ಅವಳ ಹಿತ್ತಾಳೆ ಕಡಗ ಕಾಣೆಯಾಯಿತು. ಮದುವೆಯಲ್ಲಿ ತೊಟ್ಟಿದ್ದನ್ನ ಮುದುಕಿ ಒಂದು ದಿನವೂ ಬಿಚ್ಚಿದವಳಲ್ಲ. ಯಾರು ಕದ್ದರು? ಸೊಸೆ ಕದ್ದಿರಬೇಕು ಅಂದಳು. ಅಬಿಲ್ಲ ಬಂದು ನನ್ನ ಕೋಣೆಯ ಗಡಿಗೆಗಳನ್ನೆಲ್ಲ ಕೆಳಗಿಳಿಸಿ, ಹಿಟ್ಟು ಚೆಲ್ಲಿ ಹುಡುಕಿದ. ಏನೂ ಸಿಗಲಿಲ್ಲ. ಆದರೂ ಸಂತೆಯಲ್ಲಿ ಹೆಂಗಸರು ನನ್ನನ್ನ ಕಡಗದ ಕಳ್ಳಿ ಅಂತ ಕರೆಯೋದು ನಿಲ್ಲಲಿಲ್ಲ. ಮುದುಕಿ ಸಾಯೋವರೆಗೂ ಆ ಮಾತನ್ನ ಹಿಂದಕ್ಕೆ ತಗೊಳ್ಳಲಿಲ್ಲ. ಅದಕ್ಕೇ ಪ್ರತಿ ಸುಗ್ಗಿಯಲ್ಲಿ ಸತ್ತ ಹಿರಿಯರಿಗೆ ಸಜ್ಜೆಹಿಟ್ಟಿನ ನೀರು ಎರೆಯುವಾಗ ಅವಳಿಗೆ ನಾನು ಕೊಡ್ತಿದ್ದದ್ದು ಕೊನೆಗೆ ಉಳಿದ ತೆಳ್ಳನೆ ತೊಳೆನೀರು.

ಇಂಥವಳು ನನ್ನ ಮಗನ ಗಡಿಗೆ ಹೂತಿರ್ತಾಳಾ? ದಾರಿಯಲ್ಲಿ ಹಳ್ಳಕ್ಕೆ ಎಸೆದಿರ್ತಾಳೆ. ಈ ಅನುಮಾನ ನನ್ನ ಹೊಟ್ಟೆಯೊಳಗೇ ಇತ್ತು, ಮಗನಿಗೂ ಹೇಳಿರಲಿಲ್ಲ.

ಅಬಿಲ್ಲ ಹೊಲದ ನ್ಯಾಯ ತೀರಿಸೋ ನೆಲದ ಪೂಜಾರಿಯ ಮುಂದೆ ಹೋಗಿ ಕೂತ. ಹೇಗೂ ನೆಲ ತೆರೀತಿದೆ, ಹಲ್ಲಿ ಗುರುತಿನ ಗಡಿಗೆ ಸಿಕ್ಕರೆ ನಾನು ಬಾಯಿ ಮುಚ್ಚಿಕೊಳ್ತೀನಿ, ಸಿಗದಿದ್ದರೆ ಹೊಲ ನನ್ನದು ಅಂದ. ಪೂಜಾರಿ ಅಜ್ಜ ಕೋಳಿ ಕೊಯ್ದು ಎಸೆದ, ಅದು ಅಂಗಾತ ಬಿತ್ತು. ನೆಲ ಒಪ್ಪಿದೆ, ಮೇಲೆ ಬಂದದ್ದೇ ನೆಲದ ಮಾತು ಅಂದ. ಆ ಅಜ್ಜ ಅಬಿಲ್ಲನ ಮನೆಯ ಹೆಂಡ ಎಷ್ಟು ಕುಡಿದಿದ್ದನೋ ಅಂತ ನನಗೆ ಅನುಮಾನ.

ಅಗೆಯೋರ ಯಜಮಾನ ಬಯುವೊ ದಗಾಬ ಕುಲದವನು. ದಗಾಬದವರಿಗೂ ನಮಗೂ ಹಿಂದಿನಿಂದ ಹಾಸ್ಯದ ನಂಟು. ಏನು ಅಂದರೂ ಸಿಟ್ಟು ಮಾಡಿಕೊಳ್ಳೋ ಹಾಗಿಲ್ಲ. ನನ್ನನ್ನ ಕಂಡ ತಕ್ಷಣ ಹೆಂಡ್ತೀ ಅಂತ ಕೂಗಿದ. ನಾಯಿತಲೆ ತಿನ್ನೋ ಜಾತಿ, ನನ್ನ ಹೊಲದಲ್ಲಿ ನಾಯಿ ಹೂತಿಲ್ಲ, ಮನೆಗೆ ಹೋಗು ಅಂದೆ. ನಕ್ಕ. ನಕ್ಕರೇನಂತೆ, ಇವನೂ ಅಬಿಲ್ಲನ ಉಪ್ಪು ತಿಂದವನೇ. ನಾನು ಮಣೆ ತಂದು ಗುಂಡಿಯ ಅಂಚಿನಲ್ಲೇ ಹಾಕಿಕೊಂಡೆ. ಹೊತ್ತು ಹುಟ್ಟಿ ಮುಳುಗೋವರೆಗೂ ಎದ್ದರೆ ಒಂದಕ್ಕೆ ಮಾತ್ರ.

ಏನೇನೋ ಬಂತು. ತುಕ್ಕು ಹಿಡಿದ ಕಬ್ಬಿಣ, ಕುದುರೆಯ ಹಲ್ಲು, ಮಣ್ಣಿನ ಮನುಷ್ಯರು. ಒಂದು ತಲೆಗೆ ಹಿಂದೊಂದು ಮುಂದೊಂದು ಮುಖ. ಬಯುವೊ ಅದನ್ನ ಕೂಸಿನ ಹಾಗೆ ಎತ್ತಿಕೊಂಡು ಕುಣಿದಾಡಿದ, ಇಂಥದ್ದು ಇಲ್ಲಿ ಸಿಗುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲವಂತೆ. ಎರಡು ಮುಖದವನು ಅಬಿಲ್ಲನ ಮುತ್ತಾತ ಇರಬೇಕು, ಅವನ ಮನೆಗೇ ಕೊಡಿ ಅಂದೆ. ಸುತ್ತ ನಿಂತವರು ನಕ್ಕರು. ಅಬಿಲ್ಲ ನಗಲಿಲ್ಲ.

ಮಾಸಿನ ಗಡಿಗೆಗಳೂ ಬಂದವು, ಒಡೆದವು, ಒಡೆಯದವು. ಯಾವುದರಲ್ಲೂ ಹಲ್ಲಿ ಇಲ್ಲ. ಒಂದೊಂದು ಬಂದಾಗಲೂ ಅಬಿಲ್ಲ ನನ್ನ ಕಡೆ ತಿರುಗಿ ಹಲ್ಲು ಬಿಡೋನು. ಮಗ ಊಟ ಬಿಟ್ಟ. ಅವ್ವ, ಅಜ್ಜಿ ಹೂತಿದ್ದಾಳೆ ತಾನೇ ಅಂತ ಕೇಳಿದ. ಹೂತಿದ್ದಾಳೆ ಕಣೋ ಅಂದೆ.

ಕೊನೆಗೆ ಬೇವಿನ ಮರದ ಕಡೆಯ ಮೂಲೆಯಲ್ಲಿ ಬಯುವೊ ಕುಂಚದಿಂದ ಮಣ್ಣು ಸರಿಸ್ತಾ ಇದ್ದವನು ಕೈ ನಿಲ್ಲಿಸಿದ. ಬಗ್ಗಿ ನೋಡಿದೆ. ಗಡಿಗೆಯ ಕುತ್ತಿಗೆ ಕಾಣಿಸ್ತು. ಅದರ ಹತ್ತಿರ ನನ್ನವ್ವನ ಹಲ್ಲಿ.

ಅಬಿಲ್ಲ ಬಿಡ್ತಾನಾ? ಗುಂಡಿಗೇ ಹಾರಿದ.

"ಇವಳೇ ತಂದು ಹೂತಿದಾಳೆ. ಇವಳ ಕೋಣೆ ತುಂಬ ಇಂಥವೇ ಇವೆ, ನಾನೇ ಕಂಡಿದೀನಿ. ಕಡಗ ಕದ್ದವಳಿಗೆ ಗಡಿಗೆ ಹೂಳೋದು ದೊಡ್ಡದಾ?"

ಜನ ಗುಜುಗುಜು ಅಂದರು. ಪೂಜಾರಿ ಅಜ್ಜ ನನ್ನನ್ನೇ ದಿಟ್ಟಿಸಿದ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅನುಮಾನ ಪಡ್ತಿದ್ದೆ.

ಬಯುವೊ ಮಾತ್ರ ತಲೆ ಎತ್ತಲಿಲ್ಲ. ಉಳಿದ ಮಣ್ಣು ಸರಿಸಿದ. ಬೇವಿನ ಬೇರೊಂದು ಮೇಲಿಂದ ಇಳಿದು ಗಡಿಗೆಯನ್ನ ತಬ್ಬಿಕೊಂಡಿತ್ತು. ಮುಚ್ಚಳದ ಮೇಲೆ ಹಸಿರುಗಟ್ಟಿದ ಒಂದು ಕಡಗ. ಬೇರು ಅದರೊಳಗಿಂದಲೇ ತೂರಿ, ಎರಡೂ ಕಡೆ ಉಬ್ಬಿ ದಪ್ಪವಾಗಿತ್ತು. ಬಯುವೊ ಹಿಡಿದು ಎಳೆದ. ಕಡಗ ಅಲ್ಲಾಡಲಿಲ್ಲ.

"ಬೇರನ್ನೂ ನನ್ನ ಹೆಂಡ್ತೀನೇ ತಂದು ಹೂತಳು ಅಂತೀಯಾ?" ಅಂತ ಅಬಿಲ್ಲನನ್ನ ಕೇಳಿದ.

ಅಬಿಲ್ಲ ಬಗ್ಗಿ ನೋಡಿದ. ಆ ಕಡಗಕ್ಕಾಗಿ ನನ್ನ ಕೋಣೆ ಚೆಲ್ಲಾಪಿಲ್ಲಿ ಮಾಡಿದವನು ಅವನೇ, ಗುರುತು ಸಿಗದೇ ಇರುತ್ತಾ? ಗುಂಡಿಯಿಂದ ಹತ್ತಿ, ಯಾರ ಮುಖವನ್ನೂ ನೋಡದೆ ಮನೆ ಕಡೆ ನಡೆದ. ಮುದುಕಿ ಮೊಮ್ಮಗನ ಜೀವಕ್ಕೆ ಕಡಗ ಕೊಟ್ಟಿದಾಳೆ, ಹೊಲ ಅತಂಪೂರೆಯದು ಅಂತ ಪೂಜಾರಿ ಅಜ್ಜ ಎಲ್ಲರಿಗೂ ಕೇಳೋ ಹಾಗೆ ಹೇಳಿದ. ಮಗ ಅಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡ.

ನೆಲಕ್ಕೆ ಕೊಟ್ಟದ್ದನ್ನ ಬಾಯಿಬಿಟ್ಟು ಹೇಳಿದರೆ ನೆಲ ಅದನ್ನ ಒಪ್ಪೋದಿಲ್ಲ, ಮಗು ಉಳಿಯೋದಿಲ್ಲ. ಅದಕ್ಕೇ ಹೇಳಲಿಲ್ಲ ಅವಳು. ಕಡಗ ಎಲ್ಲಿ ಅಂತ ಜನ ಕೇಳಿದಾಗ ಇನ್ನೇನು ಹೇಳ್ತಾಳೆ? ನನ್ನ ಮಗನ ಉಸಿರು ಉಳಿಸೋಕೆ ನನ್ನ ಹೆಸರು ಕೆಡಿಸಿದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಾಯೋ ಹೊತ್ತಿನಲ್ಲಿ ಒಂದು ಸಲ ಕೈ ಹಿಡಿದಿದ್ದರೂ ಸಾಕಿತ್ತಲ್ಲೇ ಮುದುಕಿ, ನಾನು ಏನೂ ಕೇಳ್ತಿರಲಿಲ್ಲ ಅಂತ ಗುಂಡಿಗೆ ಬಗ್ಗಿ ಬೈದೆ.

ಬೇರು ಕಡಿದು ಕಡಗ ತೆಗೆದುಕೊಡ್ತೀವಿ, ನಾಳೆ ಸಂತೆಗೆ ತೊಟ್ಟುಕೊಂಡು ಹೋಗು, ಎಲ್ಲರೂ ನೋಡಲಿ ಅಂತ ಪೂಜಾರಿ ಅಜ್ಜ ಅಂದ. ಎಷ್ಟು ವರ್ಷ ಇದೇ ಗಳಿಗೆಯ ಕನಸು ಕಂಡಿದ್ದೆ ನಾನು.

"ಗುಂಡಿ ಮುಚ್ಚಿ, ಅದು ಅವಳು ನೆಲಕ್ಕೆ ಕೊಟ್ಟದ್ದು. ಈಸ್ಕೊಳ್ಳೋಕೆ ನಾನ್ಯಾರು?" ಅಂದೆ.

ಬಯುವೊ ಮೊದಲ ಬೊಗಸೆ ಮಣ್ಣನ್ನ ನನ್ನ ಕೈಗೇ ಕೊಟ್ಟ. ಅಳ್ತಿದೀಯಾ ಹೆಂಡ್ತೀ ಅಂತ ಕೇಳಿದ. ನಾಯಿತಲೆಯವನೇ, ನಿನ್ನ ಕೆಲಸ ನೋಡು ಅಂತ ಹೇಳಿ ಮನೆಗೆ ಹೋದೆ. ಸಜ್ಜೆಹಿಟ್ಟು ಗಟ್ಟಿಯಾಗಿ ಕದಡಿ, ಬೇರೆ ಯಾವ ಹಿರಿಯರಿಗೂ ಎರೆಯೋ ಮುಂಚೆ ಮೊದಲ ಬಟ್ಟಲನ್ನ ಅವಳಿಗೆ ಎರೆದೆ.