ಹಗ್ಗದಕ್ಕನ ಏಳು ಬಂಡೆಗಳು

ದ್ವೀಪ ಅಂದ ಕೂಡಲೇ ಏನೋ ದೊಡ್ಡದು ಅಂದುಕೊಳ್ಳಬೇಡಿ. ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಟರೆ ಬಾಯಿ ಮುಕ್ಕಳಿಸುವಷ್ಟರಲ್ಲಿ ಆ ತುದಿ ಮುಟ್ಟಬಹುದು ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ನಡುವೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂಟಿ ಮರ, ಕೆಳಗೆ ತೆಂಗು, ಕೇದಗೆ, ಬಿಳಿ ಮರಳು, ಮೂವತ್ತು ಚಿಲ್ಲರೆ ಮನೆ. ಸುತ್ತಲೂ ಹವಳದ ಬೇಲಿ. ಬೇಲಿಯ ಹೊರಗೆ ಕಡಲು ಹಗಲಿರುಳು ಕೂಗಾಡುತ್ತಿರುತ್ತದೆ. ಒಳಗೆ ಮಾತ್ರ ನೀರು ಎಷ್ಟು ತಿಳಿ ಅಂತೀರಿ, ದೋಣಿಯ ನೆರಳು ತಳದ ಮರಳಿನ ಮೇಲೆ ಹರಿದು ಹೋದರೆ ಮೀನುಗಳು ಬೆಚ್ಚಿ ಪಕ್ಕಕ್ಕೆ ಸರಿಯುತ್ತವೆ.

ಆ ಬೇಲಿಗೆ ಇರುವುದು ಒಂದೇ ಕಂಡಿ. ದೋಣಿ ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ಅದೇ ದಾರಿ. ಕಂಡಿಯ ಹೊಟ್ಟೆಯಲ್ಲಿ ಬಂಡೆಗಳಿವೆ, ಮೇಲಿಂದ ಕಾಣುವುದಿಲ್ಲ. ಅದಕ್ಕೇ ಹಿಂದಿನವರು ಒಂದು ಉಪಾಯ ಮಾಡಿಟ್ಟಿದ್ದರು. ದಡದಲ್ಲಿ ದೋಣಿಮನೆಯ ಕಡಲಿನ ಕಡೆಯ ಗೋಡೆಗೆ ಬಿಳಿ ಬಣ್ಣ. ಹೊರಗಿನಿಂದ ಬರುವವರು ಆ ಗೋಡೆ ನೋಡಬೇಕು, ಗುಡ್ಡದ ಮೇಲಿನ ಮರ ನೋಡಬೇಕು. ಮರ ಗೋಡೆಯ ನೆತ್ತಿಯ ಮೇಲೆ ನೆಟ್ಟಗೆ ನಿಂತರೆ ದಾರಿ ಸರಿ. ಒಂಚೂರು ಆಚೀಚೆ ಆಯಿತೋ, ದೋಣಿಯ ತಳ ಚಿಂದಿ.

ಈ ಗೋಡೆಯ ಯಜಮಾನ ದ್ವೀಪದ ದೋಣಿಯವನು. ಎಪ್ಪತ್ತು ತುಂಬುತ್ತಿದ್ದರೂ ಗಂಟಲು ಮಾತ್ರ ಇಪ್ಪತ್ತರದ್ದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಅವನ ಒಬ್ಬಳೇ ಮಗಳಿಗೆ ಎಲ್ಲರೂ ಹಗ್ಗದಕ್ಕ ಅನ್ನುತ್ತಿದ್ದರು, ಯಾಕೆಂದರೆ ಹತ್ತೊಂಬತ್ತು ವರ್ಷದಿಂದ ಅಪ್ಪನ ದೋಣಿಯಲ್ಲಿ ಅವಳಿಗೆ ಸಿಕ್ಕ ಕೆಲಸ ಅದೊಂದೇ: ದೋಣಿ ಕಟ್ಟೆಗೆ ಬಂದಾಗ ಹಗ್ಗ ಎಸೆಯುವುದು. ಚುಕ್ಕಾಣಿ ಮುಟ್ಟಿದರೆ ಅಪ್ಪ "ಏಯ್, ಕೈ ತೆಗಿ!" ಅನ್ನುತ್ತಿದ್ದ.

ಆದರೆ ವಯಸ್ಸು ಯಾರಪ್ಪನ ಮನೆ ಆಳು? ಆ ತಿಂಗಳ ಕೊನೆಗೆ ಅವನ ಪರವಾನಗಿ ಮುಗಿಯುತ್ತಿತ್ತು, ಮತ್ತೆ ಕೊಡುವ ಹಾಗಿರಲಿಲ್ಲ. ಮಗಳಿಗೆ ಪರವಾನಗಿ ಸಿಕ್ಕಿದರೆ ದೋಣಿ ಮನೆಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಆಚೆ ದಡದ ಯಾರೋ ಬಂದು ಓಡಿಸುತ್ತಾರೆ, ಅವಳ ಮನೆಯ ದೋಣಿ ಮರಳಿನ ಮೇಲೆ ಮಗುಚಿ ಬೀಳುತ್ತದೆ. ಹೋದ ವರ್ಷ ಅವಳು ಪರೀಕ್ಷೆಗೆ ಕೂತು ಫೇಲಾಗಿದ್ದಳು. ದೋಣಿಯನ್ನೇನೋ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಂಡಿಯಿಂದ ತಂದಿದ್ದಳು, ಆದರೆ ಪರೀಕ್ಷಕ ಬರೆದದ್ದು ಒಂದೇ ಸಾಲು: "ಗುರುತು ನೋಡುವುದಿಲ್ಲ." ನಿಜವೇ. ಅವಳು ಗೋಡೆಯನ್ನೂ ನೋಡಿರಲಿಲ್ಲ, ಮರವನ್ನೂ ನೋಡಿರಲಿಲ್ಲ. ನೀರನ್ನೇ ನೋಡುತ್ತಾ ಬಂದಿದ್ದಳು. ಎರಡನೇ ಸಲ ತಪ್ಪಿದರೆ ಮೂರನೇ ಅವಕಾಶ ಇಲ್ಲ.

ಅಂದಿನಿಂದ ಅಪ್ಪನದ್ದು ಒಂದೇ ಜಪ. ಊಟಕ್ಕೆ ಕೂತರೂ ಅದೇ, ಬಲೆ ಹೊಲಿಯುತ್ತಿದ್ದರೂ ಅದೇ. "ಗೋಡೆ ನೋಡು, ಮರ ನೋಡು. ನೀರಲ್ಲಿ ಏನಿದೆ ಮಣ್ಣು?"

ನೀರಲ್ಲಿ ಏನಿದೆ ಅನ್ನುವುದು ಹಗ್ಗದಕ್ಕನಿಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ, ಅಷ್ಟೇ.

ಪರೀಕ್ಷೆಯ ದಿನ ಬೆಳಿಗ್ಗೆ ಪರೀಕ್ಷಕ ಬಂದ. ಅದೇ ಹೋದ ವರ್ಷದವನೇ. ಒಣಗಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು, ಮಾತಾಡಿದರೆ ಮುತ್ತು ಉದುರೀತು ಅನ್ನುವ ಹಾಗೆ ಬಾಯಿ ಬಿಗಿದಿದ್ದ. ಕಂಡಿ ದಾಟಿ ಹೊರಗೆ ಹೋಗಬೇಕು, ದ್ವೀಪವನ್ನು ಒಂದು ಸುತ್ತು ಹಾಕಬೇಕು, ಅದೇ ಕಂಡಿಯಿಂದ ಒಳಗೆ ಬರಬೇಕು. ಹೊರಡುವಾಗ ಗೋಡೆ ಮಳೆಗಾಲದ ಪಾಚಿ ಹಿಡಿದು ಮಾಸಿತ್ತು. ಆದರೂ ಕಾಣುತ್ತಿತ್ತು. ಹಗ್ಗದಕ್ಕ ಹಿಂದೆ ತಿರುಗಿ ಗೋಡೆ ನೋಡಿದಳು, ಮರ ನೋಡಿದಳು, ಪರೀಕ್ಷಕನಿಗೆ ಕೇಳಲಿ ಅಂತ ಗಟ್ಟಿಯಾಗಿ "ಎರಡೂ ಒಂದೇ ಗೆರೆ" ಅಂದಳು. ಅವನು ಏನೋ ಗೀಚಿದ. ಕಟ್ಟೆಯ ಮೇಲೆ ಅಪ್ಪ ಎರಡೂ ಕೈ ಎತ್ತಿ, "ನೀ ಬರೋಷ್ಟರಲ್ಲಿ ಗೋಡೆ ಫಳಫಳ ಅನ್ನಿಸ್ತೀನಿ, ನೋಡ್ತಿರು!" ಅಂತ ಕೂಗಿದ.

ಹಿಂಬದಿಯ ಕಡಲು ಆ ದಿನ ಧಾರಾಳವಾಗಿತ್ತು. ಗುಡ್ಡದ ಬಂಡೆಯ ಮಗ್ಗುಲಲ್ಲಿ ಸಾವಿರಾರು ಬಿಳಿ ಹಕ್ಕಿಗಳು ಒಟ್ಟಿಗೇ ಎದ್ದು ಒಟ್ಟಿಗೇ ಕೂತವು. ಒಂದು ಮುದಿ ಆಮೆ ಉಸಿರಿಗೆ ಮೇಲೆ ಬಂದು, ಪರೀಕ್ಷಕನ ಮುಖ ನೋಡಿ, ಬೇಡಪ್ಪಾ ಸಹವಾಸ ಅನ್ನುವ ಹಾಗೆ ಮುಳುಗಿತು. ಹಗ್ಗದಕ್ಕನಿಗೆ ನಗು ಬಂತು. ಚುಕ್ಕಾಣಿ ಅವಳ ಕೈಗೆ ಹೊಂದಿಕೊಂಡು ಬಿಟ್ಟಿತ್ತು. ಇದು ನನ್ನ ಕೆಲಸ, ಬೇರೆ ಯಾರದ್ದೂ ಅಲ್ಲ ಅಂತ ಅವಳಿಗೆ ಖಂಡಿತವಾಗಿ ಅನ್ನಿಸಿತು.

ಸುತ್ತು ಮುಗಿಸಿ ಕಂಡಿಯ ಎದುರಿಗೆ ಬಂದು ತಲೆ ಎತ್ತಿ ನೋಡುತ್ತಾಳೆ, ಮರ ಇದೆ. ಗೋಡೆ ಇಲ್ಲ!

ಕಣ್ಣುಜ್ಜಿಕೊಂಡು ನೋಡಿದಳು. ತೆಂಗು, ಕೇದಗೆ, ಮತ್ತೆ ತೆಂಗು. ಹಸಿರೋ ಹಸಿರು. ಗೋಡೆ ಅಷ್ಟರೊಳಗೆ ಎಲ್ಲೋ ಕರಗಿ ಹೋಗಿತ್ತು. ಆಮೇಲೆ ಹೊಳೆಯಿತು. ದೋಣಿಮನೆಯ ಮೂಲೆಯಲ್ಲಿ ಒಂದೇ ಅಳತೆಯ ಎರಡು ಬಣ್ಣದ ಡಬ್ಬಿ ಇದ್ದವು. ದೋಣಿಯ ಮೇಲ್ಭಾಗಕ್ಕೆ ಬಿಳಿ, ಕೆಳಭಾಗಕ್ಕೆ ಹಸಿರು. ಅಪ್ಪ ಹಸಿರು ಡಬ್ಬಿ ಎತ್ತಿಕೊಂಡಿದ್ದ. ಎತ್ತಿಕೊಳ್ಳಲಿ, ಯಾರಿಗಾದರೂ ಆಗುತ್ತದೆ. ಇಡೀ ಗೋಡೆ ಬಳಿದು ಮುಗಿಸಿದರೂ ಅವನಿಗೆ ಅದು ಕಂಡಿರಲಿಲ್ಲ!

ಈಗೀಗ ಅಪ್ಪ ಉಪ್ಪಿನ ಭರಣಿಯನ್ನು ತಡವಿ ಹುಡುಕುತ್ತಿದ್ದದ್ದು, ಬಲೆಯ ಕಣ್ಣು ಬೆರಳಲ್ಲೇ ಎಣಿಸುತ್ತಿದ್ದದ್ದು, ಕಂಡಿ ದಾಟುವಾಗಲೆಲ್ಲ "ಮರ ಎಲ್ಲಿದೆ, ಹೇಳು ನೋಡೋಣ" ಅಂತ ಅವಳನ್ನು ಪರೀಕ್ಷೆ ಮಾಡುವವನ ಹಾಗೆ ಕೇಳುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಪಾಪದ ಮುದುಕ. ಅವಳ ಕಣ್ಣು ತುಂಬಿತು. ಆದರೆ ಅಳುತ್ತಾ ಕೂರುವ ಹೊತ್ತು ಅದಲ್ಲ, ನೀರು ಇಳಿಯುತ್ತಿತ್ತು. ಅರ್ಧ ಗಂಟೆ ಕಳೆದರೆ ಕಂಡಿ ಮುಚ್ಚಿದ ಹಾಗೆಯೇ.

"ಗೋಡೆ ಎಲ್ಲಿ?" ಪರೀಕ್ಷಕ ಮೊದಲ ಸಲ ಬಾಯಿ ಬಿಟ್ಟ.

"ಅಲ್ಲೇ ಇದೆ. ಬಣ್ಣ ಬೇರೆ ಆಗಿದೆ."

"ಗುರುತು ಇಲ್ಲದೆ ಒಳಗೆ ಹೋಗೋ ಹಾಗಿಲ್ಲ. ಗೊತ್ತಲ್ಲ? ಹೊರಗೇ ನಿಲ್ಲಿಸಿ. ಪರೀಕ್ಷೆ ಇಲ್ಲಿಗೆ ಮುಗೀತು ಅಂತ ಬರೀತೀನಿ."

ಅವನು ಪೆನ್ಸಿಲ್ಲಿಗೆ ಕೈ ಹಾಕಿದ. ಹಗ್ಗದಕ್ಕ ದೋಣಿಯನ್ನು ನಿಲ್ಲಿಸಿದಳು, ಎಂಜಿನ್ ಸದ್ದು ತಗ್ಗಿಸಿದಳು. ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಸಾಕು ಅನ್ನಿಸಿತು.

"ಒಂದು ನಿಮಿಷ. ಗುರುತು ಮೇಲೇ ಇರ್ಬೇಕು ಅಂತ ನಿಮ್ಮ ಪುಸ್ತಕದಲ್ಲಿ ಇದೆಯಾ?"

"ಅಂದ್ರೆ?"

"ಈ ಕಂಡಿಯೊಳಗೆ ಏಳು ಬಂಡೆ ಇದೆ. ಯಾವುದು ಎಲ್ಲಿದೆ, ಎಷ್ಟು ಆಳದಲ್ಲಿದೆ, ಒಂದೊಂದೂ ಬರೋಕೆ ಮೊದಲೇ ಹೇಳ್ತೀನಿ. ನೀವು ಬಗ್ಗಿ ನೋಡಿ. ಒಂದೇ ಒಂದು ತಪ್ಪಾದ್ರೂ ಹಿಂದಕ್ಕೆ ತಿರುಗಿಸ್ತೀನಿ. ನೀವು ಬೇಡ ಅಂದ್ರೆ ಈಗಲೇ ಇಲ್ಲೇ ಲಂಗರು ಹಾಕ್ತೀನಿ. ನೀರು ಮತ್ತೆ ಏರೋವರೆಗೆ ಆರು ಗಂಟೆ ಕೂತಿರೋಣ."

ಆರು ಗಂಟೆಯ ಮಾತಿಗೋ, ಅವಳ ದನಿಗೋ, ಪರೀಕ್ಷಕ ಪೆನ್ಸಿಲ್ಲನ್ನು ಕಿವಿಗೆ ವಾಪಸ್ ಸಿಕ್ಕಿಸಿಕೊಂಡ. "ಹೇಳಿ."

"ಮೊದಲು ಅತ್ತೆ," ಅಂದಳು ಹಗ್ಗದಕ್ಕ, ದೋಣಿಯನ್ನು ಮೆಲ್ಲಗೆ ಮುಂದೆ ಬಿಡುತ್ತಾ. "ಎಡಗಡೆ, ಮೊಣಕಾಲುದ್ದ ನೀರಲ್ಲಿ. ಮೂಗು ಮುಂದೆ ಚಾಚಿರುತ್ತೆ. ಎಲ್ಲದಕ್ಕೂ ಬುಸ್ ಅನ್ನುತ್ತೆ."

ಬಂತು. ನೀರು ಬುಸ್ಸೆಂದು ನೊರೆ ಉಗುಳಿತು.

"ಈಗ ಬೀಗರು, ಇಬ್ಬರು. ಎದುರುಬದುರು ಬಿಗುಮಾನದಲ್ಲಿ ಕೂತಿರ್ತಾರೆ. ಯಾರ ಕಡೆಗೂ ವಾಲದೆ ನಡುವೆ ಹೋಗ್ಬೇಕು. ಆಮೇಲೆ ಚಿಕ್ಕಮ್ಮ. ಮೇಲೆ ನೀರು ಸಕ್ಕರೆ ಹಾಗೆ ನಯ, ಕೆಳಗೆ ಗರಗಸ. ಅಲ್ಲಿ ಬಲಕ್ಕೆ ತಿರುಗಿದವರ ದೋಣಿ ಎರಡು ಹೋಗಿದೆ."

ಪರೀಕ್ಷಕ ದೋಣಿಯ ಅಂಚು ಹಿಡಿದು ಬಗ್ಗಿದ. ನಯವಾದ ನೀರಿನ ಕೆಳಗೆ, ಒಂದು ಮೊಳ ದೂರದಲ್ಲಿ, ನೇರಳೆ ಬಣ್ಣದ ಹವಳದ ಹಲ್ಲುಗಳು ಸರಿದು ಹೋದವು. ಅವುಗಳ ಸಂದಿಯಲ್ಲಿ ಹಳದಿ ಮೀನುಗಳು ಒಳಗೆ ಹೊರಗೆ ಓಡಾಡುತ್ತಿದ್ದವು. ಅವನ ಟೋಪಿ ನೀರಿಗೆ ಬಿತ್ತು. ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

"ಇದು ಸೋದರಮಾವ. ಅಗಲ ಮೈ, ಸೋಮಾರಿ. ಇವನ ಮೇಲೆ ಆಮೆಗಳು ಮಲಗ್ತವೆ. ಇವನನ್ನ ಎಬ್ಬಿಸಬಾರದು, ಸುತ್ತಿಕೊಂಡು ಹೋಗೋಣ. ಆ ಮಗ್ಗುಲಲ್ಲಿ ಭಾವ. ನೀರು ಇಳಿದಾಗ ಮಾತ್ರ ಮುಖ ತೋರಿಸ್ತಾನೆ. ಕೊನೇದು ಅಜ್ಜಿ, ಒಂಟಿ ಹಲ್ಲು. ಎರಡು ಮಾರು ಕೆಳಗಿದ್ದಾಳೆ, ಏನೂ ಮಾಡಲ್ಲ. ಆದ್ರೂ ಅವಳ ಮೇಲೆ ಹೋಗೋದು ಮರ್ಯಾದೆ ಅಲ್ಲ."

ಅಜ್ಜಿಯ ಪಕ್ಕದಲ್ಲಿ ಬಳುಕಿ ದೋಣಿ ಒಳಗಿನ ತಿಳಿನೀರಿಗೆ ಬಂತು. ಕಡಲಿನ ಕೂಗಾಟ ಬೆನ್ನ ಹಿಂದೆ ಉಳಿಯಿತು.

"ಇದೆಲ್ಲ ಹೇಗೆ ಗೊತ್ತು?" ಅಂದ ಪರೀಕ್ಷಕ.

"ಎಂಟು ವರ್ಷದವಳಿದ್ದಾಗಿನಿಂದ ಇಲ್ಲಿ ಮುಳುಗಿ ಚಿಪ್ಪು ಹೆಕ್ತಿದ್ದೆ. ಅಪ್ಪನಿಗೆ ಗೊತ್ತಿಲ್ಲ. ಗೊತ್ತಾಗಿದ್ರೆ ಚರ್ಮ ಸುಲೀತಿದ್ದ."

ಕಟ್ಟೆಯ ಮೇಲೆ ಅಪ್ಪ ನಿಂತಿದ್ದ. ಅಂಗಿ, ಗಡ್ಡ, ಹುಬ್ಬು, ಎಲ್ಲ ಹಸಿರು. ಮುಖದ ತುಂಬಾ ಹೆಮ್ಮೆ. "ಹೇಗಿದೆ ನನ್ನ ಗೋಡೆ? ದೂರದಿಂದಲೇ ಕಂಡಿರ್ಬೇಕಲ್ಲ?"

ಹಗ್ಗದಕ್ಕ ಪರೀಕ್ಷಕನ ಕಡೆ ನೋಡಿದಳು. ಅವನು ಗೋಡೆ ನೋಡಿದ, ಮುದುಕನ ಹುಬ್ಬು ನೋಡಿದ, ಅವಳನ್ನು ನೋಡಿದ.

"ಕಂಡಿತಪ್ಪಾ," ಅಂದಳು ಅವಳು. "ಕಣ್ಣು ಕುಕ್ಕೋ ಹಾಗಿತ್ತು."

ಪರೀಕ್ಷಕ ಹಾಳೆಯ ಮೇಲೆ ಒಂದು ಸಾಲು ಬರೆದು ಸಹಿ ಹಾಕಿ ಅವಳ ಕೈಗೆ ಕೊಟ್ಟ. "ಗುರುತುಗಳನ್ನು ಬಲ್ಲಳು," ಅಂತಿತ್ತು. ಹಗ್ಗದಕ್ಕ ಅದನ್ನು ಮೂರು ಸಲ ಓದಿದಳು.

ಆದರೆ ಗುಟ್ಟು ನಿಲ್ಲಲು ಆ ಮನೆಯಲ್ಲಿ ಅತ್ತೆ ಇದ್ದಳಲ್ಲ, ಅಪ್ಪನ ಅಕ್ಕ! ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದವಳು ಗೋಡೆ ನೋಡಿ ಕಿರುಚಿದಳು. "ಅಯ್ಯೋ ನಿನ್ನ ಕಣ್ಣಿಗೆ ಏನು ಬಡೀತೋ! ಗೋಡೆಗೆ ಹಸಿರು ಬಳಿದಿದ್ದೀಯಲ್ಲೋ!"

ಅಪ್ಪ ನಕ್ಕ. ಯಾರೂ ನಗಲಿಲ್ಲ. ಅವನು ತನ್ನ ಕೈಗಳನ್ನು ಮುಖದ ಹತ್ತಿರ, ಇನ್ನೂ ಹತ್ತಿರ ತಂದು ನೋಡಿಕೊಂಡ. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತ.

"ನನಗೆ ಈಗೀಗ ಎಲ್ಲವೂ ಬೆಳ್ಳಗೇ ಕಾಣೋದು," ಅಂದ. ಇಪ್ಪತ್ತರ ಗಂಟಲು ಆಗ ಎಪ್ಪತ್ತರದ್ದಾಗಿತ್ತು. "ನಿನ್ನನ್ನ ಕೊಂದು ಬಿಡ್ತಿದ್ದೆ, ಮಗಳೇ."

"ಕೊಲ್ಲಲಿಲ್ಲವಲ್ಲ. ಏಳು. ನಾಳೆ ಆಚೆ ದಡಕ್ಕೆ ಹೋಗೋಣ, ಕಣ್ಣಿನ ಡಾಕ್ಟರ ಹತ್ತಿರ. ದೋಣಿ ನಾನು ನಡೆಸ್ತೀನಿ."

"ನಾನು ಬರಲ್ಲ."

"ಹಗ್ಗ ಎಸೆದು ಎಳ್ಕೊಂಡು ಹೋಗ್ತೀನಿ. ಹತ್ತೊಂಬತ್ತು ವರ್ಷ ಅಭ್ಯಾಸ ಇದೆ."

ಮರುದಿನ ಬೆಳಿಗ್ಗೆ ಮುದುಕ ಹುಟ್ಟಿದಂದಿನಿಂದ ಮೊದಲ ಸಲ ಪ್ರಯಾಣಿಕರ ಹಲಗೆಯ ಮೇಲೆ ಕೂತ. ಕೈ ಎಲ್ಲಿಡಬೇಕು ಅನ್ನುವುದೇ ಅವನಿಗೆ ತಿಳಿಯಲಿಲ್ಲ. ಕಂಡಿ ಹತ್ತಿರವಾದಾಗ ಹಗ್ಗದಕ್ಕ ಚಿಪ್ಪು ಹೆಕ್ಕಿದ್ದು, ಮುಳುಗಿದ್ದು, ಬಂಡೆಗಳಿಗೆ ನೆಂಟರ ಹೆಸರಿಟ್ಟಿದ್ದು, ಎಲ್ಲ ಹೇಳಿದಳು.

"ಅಂದ್ರೆ ನಾನು ಬೇಡ ಅಂದಿದ್ದನ್ನೆಲ್ಲ ಮಾಡಿದ್ದೀಯ!" ಅಪ್ಪ ಗುಡುಗಿದ. ಆಮೇಲೆ ಹಲಗೆಯ ಮೇಲೆ ಮುಂದಕ್ಕೆ ಸರಿದು, "ಹೇಳು, ಯಾರ್ಯಾರು?" ಅಂದ.

ಅವಳು ಒಬ್ಬೊಬ್ಬರನ್ನೇ ಹೇಳುತ್ತಾ ಬಂದಳು. ಅಜ್ಜಿ, ಭಾವ, ಸೋದರಮಾವ. ಅಪ್ಪ ಪ್ರತಿ ಹೆಸರನ್ನೂ ಬಾಯಲ್ಲಿ ಹೇಳಿಕೊಂಡ. ಅತ್ತೆಯ ಮೂಗು ಬಂದಾಗ ಹೊಟ್ಟೆ ಹಿಡಿದು ನಕ್ಕ. ನಗು ನಿಂತ ಮೇಲೆ ಮುಖ ಊದಿಸಿಕೊಂಡ.

"ಏಳು ಬಂಡೆಗೂ ಹೆಸರಿಟ್ಟೆ. ಊರ ನೆಂಟರೆಲ್ಲ ಇದ್ದಾರೆ. ನಾನು ಯಾವುದಕ್ಕೂ ಆಗ್ಲಿಲ್ವಾ?"

"ಬಂಡೆಗಳೆಲ್ಲ ತಪ್ಪಿಸ್ಕೊಂಡು ಹೋಗಬೇಕಾದವರು, ಅಪ್ಪ. ನಿನ್ನನ್ನ ನೋಡ್ಕೊಂಡು ಮನೆಗೆ ಬರೋದು. ನೀನು ಗೋಡೆ."

ಮುದುಕ ದಡದ ಕಡೆ ತಿರುಗಿದ. ಅಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದ, ಅಂಗೈಯಲ್ಲಿ ಕಣ್ಣೊರೆಸಿಕೊಂಡ.

"ಹಾಗಾದ್ರೆ ವಾಪಸ್ ಬಂದ ಮೇಲೆ ಬಿಳಿ ಡಬ್ಬಿ ನೀನೇ ತೆಗೆದುಕೊಡು," ಅಂದ. "ಬಳಿಯೋದು ಮಾತ್ರ ನಾನೇ."