ಒಂದು ನಿಮಿಷ ಹಿಡ್ಕೊ

ಓಟದ ನಾಯಿಗೆ ತೊಡಿಸುವ ಐದನೇ ನಂಬರಿನ ಕಿತ್ತಳೆ ಅಂಗಿಯನ್ನು ಟೋಸ್ಟ್‌ನ ಬೆನ್ನ ಮೇಲೆ ಎಳೆದು ಹೊಟ್ಟೆಪಟ್ಟಿ ಬಿಗಿಯುವಷ್ಟರಲ್ಲಿ ಫಿಲ್‌ಗೆ ಏದುಸಿರು ಬಂತು. ನಾಯಿ ಕೊಸರಾಡಿತೆಂದಲ್ಲ, ಅರವತ್ತೇಳು ವರ್ಷದ ಸೊಂಟವನ್ನು ಅವಳು ಬಗ್ಗಿಸಿದ್ದು ಇದು ಐದನೇ ಸಲ. ನಾಯಿಯಂತೂ ಕಲ್ಲಿನ ಹಾಗೆ ನಿಂತಿತ್ತು. ಓಟ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಬಣ್ಣದ ಬಟ್ಟೆ ಮೈಗೆ ತಾಕಿದ್ದೇ ತಡ, ತೊಡೆ ಬಿಗಿದು, ಹಲ್ಲಿಲ್ಲದ ಬಾಯಿ ತೆರೆದು, ಇವತ್ತು ಗೆದ್ದೇ ಬಿಡುತ್ತೇನೆ ಅನ್ನುವಂತೆ ಗೇಟಿನ ಕಡೆ ನೋಡುತ್ತಿತ್ತು.

ಸತ್ತ ಜೋಸಿಯ ತಮ್ಮ ಮ್ಯಾಟಿ ಹಿತ್ತಲಿಗೆ ಬಂದ. ಮೇಲೆ ಕಪ್ಪು ಟೈ, ಕೆಳಗೆ ರಬ್ಬರ್ ಬೂಟು. ಅಕ್ಕನ ಮಣ್ಣಿಗೂ ದನದ ಕೊಟ್ಟಿಗೆಗೂ ಒಟ್ಟಿಗೇ ತಯಾರಾಗಿದ್ದ.

"ಆಹಾ, ಮದುವೆ ದಿಬ್ಬಣ," ಅಂದ.

"ಗೌರವ ಕಣೋ. ಹರ್ಲಿಂಗ್ ಆಡೋರು ಸತ್ರೆ ಜೊತೆಯೋರು ಆಟದ ಕೋಲು ಹಿಡ್ಕೊಂಡು ಎರಡು ಸಾಲು ನಿಲ್ಲಲ್ವ? ನಿಮ್ಮಕ್ಕನಿಗೆ ಇವು ನಿಲ್ತವೆ."

"ನಿಲ್ಲಲಿ ಬಿಡು. ಎರಡು ಗಂಟೆಗೆ ಇವನ್ನ ಒಯ್ಯೋಕೆ ದನದ ಟ್ರೇಲರನ್ನ ಸ್ಮಶಾನದ ಗೇಟಿಗೇ ತರ್ತೀನಿ. ಸತ್ತ ದನ ಎತ್ತೋನಿಗೆ ಹೇಳಿದೀನಿ. ಮೂರಕ್ಕೆ ಬಂದೂಕು ತಗೊಂಡು ಅಂಗಳದಲ್ಲಿರ್ತಾನೆ."

"ಅಕ್ಕ ಇನ್ನೂ ಒಳಗೇ ಮಲಗಿದಾಳೆ ಮ್ಯಾಟಿ. ಕೇಳಿಸ್ಕೊಂಡಾಳು."

"ಎದ್ದಿದ್ದಾಗಲೇ ನನ್ನ ಮಾತು ಕೇಳಿಸ್ಕೊಳ್ಳಲಿಲ್ಲ ಅವಳು." ಅವನು ಕೆಮ್ಮಿ, ಸ್ವಲ್ಪ ನಾಚಿಕೊಂಡು ಸೇರಿಸಿದ: "ಯಾರಾದ್ರೂ ಬೇಕು ಅಂದ್ರೆ ಕರ್ಕೊಂಡು ಹೋಗ್ಲಿ. ನಾನೇನು ಕಟುಕನಾ?"

ಬೇಕು ಅನ್ನುವವರು ಇಡೀ ಟಿಪ್ಪರರಿ ಕೌಂಟಿಯಲ್ಲಿ ಇಲ್ಲವೆಂಬುದನ್ನು ಫಿಲ್ ಎರಡು ದಿನದಿಂದ ಫೋನಿನಲ್ಲಿ ಖಚಿತಪಡಿಸಿಕೊಂಡಿದ್ದಳು. ಅನಾಥ ನಾಯಿಗಳನ್ನು ಸಾಕುವ ಡಬ್ಲಿನ್ನಿನ ಸಂಸ್ಥೆಯವರು ಮಾರ್ಚ್‌ವರೆಗೆ ಜಾಗವಿಲ್ಲ ಅಂದಿದ್ದರು, ಇದು ನವೆಂಬರ್. ಅವಳಿರುವುದು ಪುರಸಭೆಯ ವೃದ್ಧರ ಮನೆಗಳಲ್ಲಿ. ಅಲ್ಲಿ ಗಾಜಿನ ಬುಂಡೆಯ ಮೀನಿಗೂ ಅರ್ಜಿ ಹಾಕಬೇಕು. ಆದರೆ ಬೇಕು ಅನ್ನುವವರು ಇಲ್ಲದಿದ್ದರೂ ಬೇಡ ಅನ್ನಲಾರದವರು ಇದ್ದರು. ಆ ಊರಿನಲ್ಲಿ ಮನೆಯೊಳಗೆ ಮಾಡಿದ ಪಾಪಕ್ಕೆ ಪಾದ್ರಿಯಿದ್ದಾನೆ. ಊರೆದುರು ಆದ ಅವಮಾನಕ್ಕೆ ಮದ್ದಿಲ್ಲ. ಆರು ನಾಯಿಗಳನ್ನು ಆರು ಗಂಡಸರ ಕೈಗೆ, ಶವದ ಹಿಂದೆ, ಇಡೀ ಊರು ನೋಡುವಾಗ ಕೊಡುವುದು. ಮಣ್ಣಾಗುತ್ತಿದ್ದಂತೆ ತಾನು ಮಾಯವಾಗುವುದು. ಜೋಸಿಯ ಗೋರಿಯ ಮುಂದೆ ಜೋಸಿಯ ನಾಯಿಯನ್ನು ಯಾವನು ಬಿಟ್ಟು ಹೋದಾನು?

ಈ ಉಪಾಯ ಅವಳ ಸ್ವಂತದ್ದೇನಲ್ಲ. ಅದನ್ನು ಜೋಸಿಯ ಮೇಲೆ ಪ್ರಯೋಗಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

*

ಮೂವತ್ತೊಂದು ವರ್ಷದ ಹಿಂದೆ ಇಬ್ಬರೂ ನಾಯಿ ಓಟದ ಮೈದಾನದ ಕ್ಯಾಂಟೀನಿನಲ್ಲಿದ್ದರು. ಜೋಸಿ ಚಹಾ ಸುರಿಯುವವಳು, ಫಿಲ್ ಬ್ರೆಡ್ಡಿಗೆ ಬೆಣ್ಣೆ ಸವರುವವಳು. ಮೂರನೇ ಓಟ ಮುಗಿದ ಮೇಲೆ ಟೈಗ್ ಮೊಲಂಫಿ ಹಿಂಬಾಗಿಲಿಗೆ ಬಂದ. ಆಗಲೇ ಹೆಸರಾದ ತರಬೇತುಗಾರ. ಕೈಯಲ್ಲಿ ಮೂರೇ ಕಾಲೂರಿ ನಿಂತಿದ್ದ ಪಟ್ಟೆಪಟ್ಟೆಯ ನಾಯಿ. ನಾಲ್ಕನೆಯದು ತಿರುವಿನಲ್ಲಿ ಮುರಿದಿತ್ತು.

"ಜೋಸಿ, ಒಂದು ನಿಮಿಷ ಹಿಡ್ಕೊ ಇದನ್ನ. ವ್ಯಾನ್ ತರ್ತೀನಿ."

ಕೈ ಚಾಚುವುದು ಜೋಸಿಯ ಕಸುಬು; ಚಾಚಿದಳು. ಮೊಲಂಫಿಯ ವ್ಯಾನು ಇನ್ನೂ ಬರಬೇಕಾಗಿದೆ.

ಆ ನಾಯಿ ಒಂಬತ್ತು ವರ್ಷ ಬದುಕಿತು. ಕ್ಯಾಂಟೀನಿಗೊಂದು ಹಿಂಬಾಗಿಲಿದೆ ಎಂಬ ಸಮಾಚಾರ ಅಷ್ಟರೊಳಗೆ ಮೂರು ಕೌಂಟಿಗೆ ಹಬ್ಬಿತ್ತು. ಮೊಲಂಫಿಯೊಬ್ಬನೇ ಹನ್ನೊಂದು ತಂದ. "ನಿನ್ನ ಹತ್ರ ಸುಖವಾಗಿರ್ತವೆ" ಅನ್ನುವುದು, ಟೋಪಿ ಮುಟ್ಟುವುದು, ಹೋಗುವುದು. ಬರುವಾಗ ಅವಕ್ಕೆ 'ಎಮರಾಲ್ಡ್ ಚಕ್ರವರ್ತಿ'ಯಂಥ ಹೆಸರುಗಳಿರುತ್ತಿದ್ದವು; ಜೋಸಿ ಎಲ್ಲವನ್ನೂ ಕ್ಯಾಂಟೀನಿನ ತಿಂಡಿಪಟ್ಟಿಯ ಫಲಕಕ್ಕೆ ಇಳಿಸಿದಳು. ಟೋಸ್ಟ್, ಜಾಮ್, ಸೋಡಾ, ಬಿಸ್ಕತ್.

"ಇವಕ್ಕೆ ಏನೂ ಗೊತ್ತಿಲ್ಲ ಕಣೆ ಫಿಲ್," ಅನ್ನುತ್ತಿದ್ದಳು. "ಮೆಟ್ಟಿಲು ಗೊತ್ತಿಲ್ಲ, ಕನ್ನಡಿ ಗೊತ್ತಿಲ್ಲ. ಓಟದ ಪೆಟ್ಟಿಗೆ ಒಂದು ಗೊತ್ತು. ಹಿಂದಿನಿಂದ ಒಳಗೆ ನುಗ್ಗೋದು, ಮುಂದಿನ ಬಾಗಿಲಿಗೆ ಮೂತಿ ಒತ್ತಿ ನಿಲ್ಲೋದು. ಬಾಗಿಲು ಮೇಲೆದ್ರೆ ಎದುರಿಗೆ ಮೊಲ. ಪಾಪ, ಲೋಕ ಅಂದ್ರೆ ಅಷ್ಟೇ ಅನ್ಕೊಂಡಿವೆ."

*

ಚರ್ಚಿನ ಅಂಗಳದಲ್ಲಿ ಫಿಲ್ ಎಣಿಸಿದ್ದಕ್ಕಿಂತ ಸಲೀಸಾಯಿತು. ಸಲೀಸಾದದ್ದಷ್ಟೇ ಅಲ್ಲ, ನೂಕುನುಗ್ಗಲಾಯಿತು. ಪತ್ರಿಕೆಯವನು ಕ್ಯಾಮೆರಾ ತಂದಿದ್ದ.

"ಒಂದನೇ ನಂಬರು ನಂಗಿರ್ಲಿ ಫಿಲ್. ನಂಗೆ ಯಾವತ್ತೂ ಕೆಂಪೇ ಅದೃಷ್ಟ."

"ಪಟ್ಟೆ ಅಂಗೀದು ನಾನು ಹಿಡೀತೀನಿ. ಎಂಥಾ ಹೆಂಗಸು ಜೋಸಿ ಮಾರಾಯ್ತಿ, ದೇವತೆ!"

"ದೇವತೇನೇ. ಮದುವೆ ಆಗಿದ್ದಿದ್ರೆ ಪಾಪ, ಒಂದೇ ನಾಯಿ ಸಾಕ್ಕೊಂಡು ಇರಬಹುದಿತ್ತು."

"ಅದಕ್ಕೇ ಆಗಲಿಲ್ಲ. ಅವಳು ತಳಿ ನೋಡಿ ತರೋಳು."

ನಗುವನ್ನು ಕರವಸ್ತ್ರದೊಳಗೆ ಮುಗಿಸಿಕೊಂಡು ಎಲ್ಲರೂ ಮುಖ ಸರಿಮಾಡಿಕೊಂಡರು.

ಕೊನೆಗೆ ಉಳಿದದ್ದು ಎರಡನೇ ನಂಬರಿನ ನೀಲಿ ಅಂಗಿಯ ಸೋಡಾ. ಬೂದುಬಣ್ಣದ ಹೆಣ್ಣು, ಒಂಬತ್ತು ವರ್ಷ. ಮೊಲಂಫಿ ಈಗ ಊರುಗೋಲು ಹಿಡಿಯುವ ಮುದುಕನಾಗಿದ್ದರೂ ಜನ ತಾವಾಗಿ ದಾರಿ ಬಿಟ್ಟರು. ಅವನನ್ನು ಕಂಡದ್ದೇ ಸೋಡಾಳ ಬಾಲ ಮೊದಲು ಅಲ್ಲಾಡಿತು, ಆಮೇಲೆ ಸೊಂಟ, ಆಮೇಲೆ ಇಡೀ ನಾಯಿ. ಅವನ ಅಂಗೈಯೊಳಗೆ ಮೂತಿ ತೂರಿಸಿ ಸಣ್ಣಗೆ ಕುಂಯ್‌ಗುಟ್ಟಿತು.

"ಜನ ಅಂದ್ರೆ ಎಷ್ಟು ಪ್ರೀತಿ ಇದಕ್ಕೆ," ಅಂದ ಮೊಲಂಫಿ. "ಯಾರದ್ದು ಇದು?"

ಅವನು ಹಳೆಯ ಅಭ್ಯಾಸದಿಂದ ನಾಯಿಯ ಕಿವಿ ಮಗುಚಿ ಒಳಗಿನ, ಯಾರದೆಂದು ಗುರುತು ಹೇಳುವ ಹಚ್ಚೆಯ ಅಕ್ಷರಗಳನ್ನು ಓದಿದ. ಎರಡು ಸಲ ಓದಿದ. ಆಮೇಲೆ ಕಿವಿಯನ್ನು ಮೆಲ್ಲಗೆ, ಇನ್ನೊಬ್ಬರ ಕಾಗದ ಮಡಚಿಡುವ ಹಾಗೆ, ಮೊದಲಿನಂತೆ ಮಡಚಿದ.

"ಒಳ್ಳೇ ನಾಯಿ," ಅಂದ, ಯಾರಿಗೂ ಅಲ್ಲದ ಹಾಗೆ.

ಸಿಕ್ಕಿದ, ಅಂದುಕೊಂಡಳು ಫಿಲ್. ಹಗ್ಗವನ್ನು ಅವನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿದಳು.

*

ಸಾಯುವ ಹಿಂದಿನ ಮಂಗಳವಾರ ಜೋಸಿ ಆಸ್ಪತ್ರೆಯ ಹಾಸಿಗೆಯಲ್ಲಿ ಬೆರಳು ಮಡಚುತ್ತಿದ್ದಳು. "ಜಾಮ್‌ಗೆ ಪಾದದಲ್ಲಿ ಆಣಿ ಇದೆ, ಟಾರ್ ರಸ್ತೇಲಿ ನಡೆಸಬೇಡ. ಬಿಸ್ಕತ್ ಕಣ್ಣು ತೆರಕೊಂಡೇ ಮಲಗ್ತಾನೆ, ಸತ್ತ ಅಂತ ಹೆದರ್ಕೋಬೇಡ. ಸೋಡಾ ಮುಂಗಾಲು ದಿನಾ ಮುಟ್ಟಿ ನೋಡು. ಕುಂಟಿದ್ರೆ ಕಾಯಬೇಡ."

ಮುಂಗಾಲಿನ ಕುಂಟು ಏನೆಂದು ಇಬ್ಬರಿಗೂ ಗೊತ್ತಿತ್ತು. ಮೂಳೆಯೊಳಗಿನ ಗಂಟು, ಉಳಿದದ್ದು ಆರು ವಾರ. ಬಂದ ನಾಯಿಗಳಲ್ಲಿ ಎಷ್ಟೋ ಹೋದದ್ದು ಅದರಲ್ಲೇ. ಪ್ರತಿ ಸಲವೂ ಜೋಸಿ ಒಂದು ಸಾಸೇಜು ಹುರಿದು ತಿನ್ನಿಸಿ, ಡಾಕ್ಟರು ಸೂಜಿ ಚುಚ್ಚುವಾಗ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಯ್ಯುತ್ತಿದ್ದಳು, ನಾಯಿಗೆ ಕೇಳಿ ರೂಢಿಯಿದ್ದ ಅದೇ ದನಿಯಲ್ಲಿ, ಅನುಮಾನ ಬಾರದಿರಲೆಂದು. ಹಿತ್ತಲಿನ ಮುಳ್ಳುಗಿಡದ ಕೆಳಗೆ ನಲವತ್ಮೂರು ಕಲ್ಲುಗಳಿದ್ದವು.

"ಬಂದೂಕಿಗೆ ಕೊಡಬೇಡ ಫಿಲ್. ಸಾಯೋದಾದ್ರೂ ಯಾರದ್ದಾದ್ರೂ ತೊಡೆ ಮೇಲೆ ಸಾಯಲಿ. ಮಾತು ಕೊಡು."

ಫಿಲ್ ಕೊಟ್ಟಳು. ಹಾಸಿಗೆ ಹಿಡಿದವರಿಗೆ ಮಾತು ಕೊಡುವುದು ಸುಲಭ.

*

ಪೆಟ್ಟಿಗೆ ಗುಂಡಿಗಿಳಿಯಿತು. ಆರು ಗಂಡಸರು, ಆರು ನಾಯಿಗಳು ಎರಡೂ ಬದಿ ನಿಂತಿದ್ದರು, ಕ್ಯಾಮೆರಾ ಕ್ಲಿಕ್ಕೆಂದಿತು. ಫಿಲ್ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಿದ್ದಳು. ಗೋಡೆಯಾಚೆ ಅವಳನ್ನು ಕರೆದೊಯ್ಯಲು ಔಷಧದಂಗಡಿಯವಳ ಕಾರು ಕಾಯುತ್ತಿತ್ತು. ಇನ್ನು ನಾಲ್ಕು ಹೆಜ್ಜೆ.

"ಜೋಸಿಗೆ ಒಡಹುಟ್ಟಿದವಳಿಗಿಂತ ಹೆಚ್ಚಾಗಿದ್ದವರು ನಮ್ಮ ಫಿಲೋಮಿನಾ," ಅಂದರು ಫಾದರ್, ಕನ್ನಡಕದ ಮೇಲಿಂದ ಹುಡುಕುತ್ತ. "ಜಪಮಾಲೆ ಅವರೇ ಹೇಳಿಕೊಡಲಿ. ಬನ್ನಿ ಅಮ್ಮ, ಮುಂದೆ ಬನ್ನಿ."

ಇಡೀ ಊರು ತಿರುಗಿ ನೋಡಿತು. ಊರೆದುರಿನ ಅವಮಾನಕ್ಕೆ ಮದ್ದಿಲ್ಲವಷ್ಟೆ. ಫಿಲ್ ಮುಂದೆ ಬಂದಳು. ಗುಂಡಿಯ ಅಂಚಿನಲ್ಲಿ ನಿಂತು ಮಣಿ ಹಿಡಿದಳು.

"ನಮೋ ಮರಿಯಾ, ವರಪ್ರಸಾದ ಪೂರ್ಣಳೇ..."

ಮೂರನೇ ಮಣಿಗೆ ಕೆಂಪಂಗಿಯ ಅದೃಷ್ಟವಂತ ಪಕ್ಕಕ್ಕೆ ಬಂದ. "ಸಂಜೆ ಓಟಕ್ಕೆ ನಮ್ಮದೊಂದು ನಾಯಿ ಇದೆ ಫಿಲ್, ತೂಕ ಹಾಕ್ಸೋಕೆ ಹೋಗ್ಬೇಕು," ಎಂದು ಪಿಸುಗುಟ್ಟಿ ಹಗ್ಗವನ್ನು ಅವಳ ಮೊಣಕೈಗೆ ತೂಗುಹಾಕಿದ. ಪ್ರಾರ್ಥನೆಯ ನಡುವೆ ಮಾತಾಡುವಂತಿಲ್ಲ. ಅವಳು ಕಣ್ಣು ದೊಡ್ಡದು ಮಾಡಿದಳು; ದುಃಖವೆಂದುಕೊಂಡು ಅವನು ಭುಜ ತಟ್ಟಿದ. ಐದನೇ ಮಣಿಗೆ ಇನ್ನೊಂದು ಹಗ್ಗ. "ಹೆಂಡ್ತಿಗೆ ಅಲರ್ಜಿ." ಆರಕ್ಕೆ ಒಂದು, ಏಳಕ್ಕೆ ಒಂದು, ಇವರು ಕಾರಣವನ್ನೂ ಹೇಳಲಿಲ್ಲ, ಸುಮ್ಮನೆ ಶಿಲುಬೆ ಗುರುತು ಮಾಡಿದರು. ಎಂಟಕ್ಕೆ ಟೋಸ್ಟ್.

"...ಈಗಲೂ ನಮ್ಮ ಮರಣದ ವೇಳೆಯಲ್ಲೂ..." ಎನ್ನುವಾಗ ಅವಳ ದನಿ ಒಡೆಯಿತು. ಹಿಂದಿನ ಸಾಲಿನ ಹೆಂಗಸರಿಗೆ ಅದು ಬಹಳ ಹಿಡಿಸಿತು.

ಹತ್ತನೇ ಮಣಿಗೆ ಮೊಲಂಫಿ ಬಂದ. ಮಣಿಕಟ್ಟಿನ ಸುತ್ತುಗಳನ್ನು ಆಗಲೇ ಬಿಚ್ಚಿಕೊಂಡಿದ್ದ.

"ಒಂದು ನಿಮಿಷ ಹಿಡ್ಕೊ ತಾಯಿ," ಅಂದ. "ವ್ಯಾನ್ ಇಲ್ಲಿಗೇ ತರ್ತೀನಿ."

'ಆಮೆನ್' ಅಂದದ್ದು ಊರೆಲ್ಲ. ಜನ ಹೋಟೆಲಿನ ಸೂಪಿನ ಕಡೆ ಚದುರಿದರು. ಮೊಲಂಫಿಯ ವ್ಯಾನು ಹೊರಟ ಸದ್ದಿಗೆ ಸೋಡಾ ಕಿವಿ ನಿಮಿರಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ಹಗ್ಗ ಜಗ್ಗುತ್ತ ನಿಂತಿತು.

ಎರಡಕ್ಕೆ ಹೇಳಿದ ಟ್ರೇಲರು ಎರಡಕ್ಕೇ ಬಂತು. ಮ್ಯಾಟಿ ಇಳಿದು, ಅವಳ ಎರಡೂ ಕೈಯಿಂದ ಇಳಿಬಿದ್ದ ಆರು ಹಗ್ಗಗಳನ್ನು ನೋಡಿದ. ಅಣಕಿಸಬಹುದಿತ್ತು, ಅಣಕಿಸಲಿಲ್ಲ.

"ಒಂದನ್ನಾದ್ರೂ ಇಟ್ಕೊ ಫಿಲ್. ನಾನು ಬೇಡ ಅನ್ನಲ್ಲ."

ಅವಳು ಆರನ್ನೂ ನೋಡಿದಳು. ಆರೂ ಅವಳನ್ನು ನೋಡಿದವು. ಸಾಕುಪ್ರಾಣಿಗಳ ಕುರಿತು ವೃದ್ಧರ ಮನೆಯ ಬಾಗಿಲಿನ ಮೇಲೆ ಅಂಟಿಸಿದ ಸೂಚನಾಪತ್ರ ಅವಳಿಗೆ ಅಕ್ಷರ ಅಕ್ಷರವಾಗಿ ನೆನಪಿತ್ತು. ಬೆರಳು ಸಡಿಲಿಸಿದಳು.

ಮ್ಯಾಟಿ ಟ್ರೇಲರಿನ ಹಿಂಬಾಗಿಲನ್ನು ನೆಲಕ್ಕಿಳಿಸಿ ಹಗ್ಗಗಳನ್ನು ಹುಡುಕುವುದರೊಳಗೆ ನಾಯಿಗಳು ತಾವಾಗಿಯೇ ಹತ್ತಿದ್ದವು. ದನಗಳಾದರೆ ಅರ್ಧ ಗಂಟೆಯ ಬಡಿದಾಟ.

"ನೋಡಿದ್ಯಾ," ಅಂದ ಅವನು, ನಿಜವಾಗಿ ಬೆರಗಾಗಿ.

ಓಟದ ಮೈದಾನದ ಕ್ರಿಸ್ಟಿ ಓಡೋಡಿ ಬಂದ. ಸಂಜೆಯ ಓಟಕ್ಕೆ ಅಂಗಿಗಳು ಬೇಕಿದ್ದವು. ಒಳಗೆ ಹತ್ತಿ ಒಂದೊಂದೇ ಬಿಚ್ಚಿ, ಮಡಚಿ, ಕಂಕುಳಲ್ಲಿಟ್ಟುಕೊಂಡ. "ಆರೂ ಇವೆ. ದೇವರು ಅವಳಿಗೆ ಒಳ್ಳೇದು ಮಾಡಲಿ," ಎಂದು ಇಳಿದು ಹೋದ.

ಅಂಗಿ ಬಿಚ್ಚಿದರೂ ಅವು ತಿರುಗಿ ನೋಡಿರಲಿಲ್ಲ. ಮ್ಯಾಟಿ ಬಾಗಿಲೆತ್ತಿ ಕೊಂಡಿ ಹಾಕುವಾಗ ಫಿಲ್ ಪಕ್ಕದ ಗಾಳಿಕಿಂಡಿಯಲ್ಲಿ ಇಣುಕಿದಳು. ಆರೂ ನಾಯಿಗಳು ಸಾಲಾಗಿ, ತಲೆ ತಗ್ಗಿಸಿ, ಚಳಿಗೋ ಸಂಭ್ರಮಕ್ಕೋ ನಡುಗುತ್ತ, ಮುಂದಿನ ತಗಡಿನ ಗೋಡೆಗೆ ಮೂತಿ ಒತ್ತಿ, ಅದು ಮೇಲೇಳುವುದನ್ನು ಕಾಯುತ್ತಿದ್ದವು.